ಹಳೆಯ ರಾಜಧಾನಿ ಹೇಳುವ ನಾಳೆಯ ಮಾತು

ಮನುಷ್ಯರಿಗಿರುವಂತೆ ಪಟ್ಟಣಗಳಿಗೂ ಏಳುಬೀಳುಗಳುಂಟು. ಇನ್ನು ನೂರು ವರ್ಷಗಳಿಗೆ ಬೆಂಗಳೂರು ಹೇಗಿದ್ದೀತೆಂದು ಯೋಚಿಸುವವರು ಮುಗಿಲು ಮುಟ್ಟುವ ಮನೆಗಳನ್ನೂ ಆಕಾಶದಲ್ಲಿ ಓಡಾಡುವ ವಾಹನಗಳನ್ನೂ ಕಲ್ಪಿಸಿಕೊಳ್ಳುವುದುಂಟು. ಅಂಥವರು ಮೊದಲು ಶ್ರೀರಂಗಪಟ್ಟಣವನ್ನು ಒಮ್ಮೆ ಸುತ್ತಿ ನೋಡುವುದು ಒಳ್ಳೆಯದು.

1610ರಲ್ಲಿ ರಾಜ ಒಡೆಯರ ವಶವಾದ ಈ ದ್ವೀಪವು 1799ರವರೆಗೆ ಮೈಸೂರು ಸೀಮೆಯ ರಾಜಧಾನಿಯಾಗಿದ್ದಿತು. ಟೀಪೂ ಸುಲ್ತಾನನ ಕಾಲದಲ್ಲಿ ಇಲ್ಲಿ ಒಂದೂವರೆ ಲಕ್ಷ ಜನರಿದ್ದರೆಂದು, 1800ರಲ್ಲಿ ಇಲ್ಲಿಗೆ ಬಂದ ಫ್ರಾನ್ಸಿಸ್ ಬುಕಾನನ್ ಅಂದಾಜು ಮಾಡಿದನು. ಕೋಟೆ ಬಿದ್ದ ಮೇಲೆ ಉಳಿದವರು ಸುಮಾರು 32,000 ಮಂದಿ ಮಾತ್ರ. ಅರಸರ ಪೀಠವು ಮೈಸೂರಿಗೆ ಹೋಯಿತು. ಜ್ವರದ ಬಾಧೆಯನ್ನು ತಾಳಲಾರದೆ ಆಂಗ್ಲೇಯರ ಸೈನ್ಯವು ಬೆಂಗಳೂರಿಗೆ ಹೋಯಿತು. ಅಲ್ಲಿ 1809ರಲ್ಲಿ ದಂಡುಪ್ರದೇಶವು ತಲೆಯೆತ್ತಿತು. ಹೀಗೆ ಒಂದು ಊರಿನ ಇಳಿತವು ಮತ್ತೊಂದರ ಏಳಿಗೆಗೆ ಮೆಟ್ಟಿಲಾಯಿತು. ಇಂದಿಗೂ ಕಾವೇರಿಯು ಎರಡು ಕವಲಾಗಿ ಶ್ರೀರಂಗನ ಸನ್ನಿಧಿಯನ್ನು ಬಳಸಿ ಹರಿಯುತ್ತಿದ್ದಾಳೆ; ರಾಜಧಾನಿ ಮಾತ್ರ ಇಲ್ಲ. ಒಂದು ಪಟ್ಟಣವು ನೀರಿದ್ದೂ ಬರಿದಾಯಿತು. ಮತ್ತೊಂದು ನೀರಿಲ್ಲದೆಯೂ ತುಂಬಿತು.

ಆ ತುಂಬಿದ ಪಟ್ಟಣಕ್ಕೆ ನೀರು ಬರುವ ಬಗೆಯನ್ನು ವಾಚಕರು ಬಲ್ಲರು. 1974ರಲ್ಲಿ ಮೊದಲ ಹಂತದ ಕಾವೇರಿ ನೀರು ಬೆಂಗಳೂರನ್ನು ಸೇರಿತು. 2024ರ ಅಕ್ಟೋಬರಿನಲ್ಲಿ ಐದನೆಯ ಹಂತವೂ ಆರಂಭವಾಯಿತು. ಸುಮಾರು ನೂರು ಕಿಲೋಮೀಟರುಗಳ ದೂರದಿಂದ, ತೊರೆಕಾಡನಹಳ್ಳಿಯ ಮಾರ್ಗವಾಗಿ, ಆ ನೀರನ್ನು ಯಂತ್ರಗಳಿಂದ ಎತ್ತಿ ಎತ್ತಿ ಏರಿಸಬೇಕು. ಹಂತಗಳು ಬೆಳೆದಂತೆ ನದಿಯು ಬೆಳೆಯುವುದಿಲ್ಲವಷ್ಟೆ.

ಶ್ರೀರಂಗಪಟ್ಟಣದಿಂದ ಉತ್ತರಕ್ಕೆ ಹೊರಟರೆ ಪಾಂಡವಪುರ. ಹಿಂದೆ ಇದಕ್ಕೆ ಹಿರೋಡೆಯೆಂಬ ಹೆಸರಿತ್ತು. ಟೀಪುವಿನ ಫ್ರೆಂಚ್ ಸೈನಿಕರು ಬೀಡುಬಿಟ್ಟಿದ್ದುದರಿಂದ ಆಂಗ್ಲೇಯರು ಫ್ರೆಂಚ್ ರಾಕ್ಸ್ ಎಂದರು. ಸೈನಿಕರೂ ಹೋದರು, ಆ ಹೆಸರೂ ಹೋಯಿತು. ಸಮೀಪದ ತೊಣ್ಣೂರಿನ ಕೆರೆಯೊಂದು ಗುಡ್ಡಗಳ ನಡುವೆ ಶತಮಾನಗಳಿಂದ ನಿಂತಿದೆ. ರಾಜ್ಯಗಳಿಗಿಂತ ಕೆರೆಗಳ ಆಯುಸ್ಸೇ ದೀರ್ಘವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ಪಶ್ಚಿಮಕ್ಕೆ ಕೃಷ್ಣರಾಜಪೇಟೆ, ಹಳೆಯ ಹೆಸರು ಅತ್ತಿಗುಪ್ಪೆ. ಹತ್ತಿರದ ಹೊಸಹೊಳಲಿನಲ್ಲಿ ಹೊಯ್ಸಳರ ಲಕ್ಷ್ಮೀನಾರಾಯಣ ದೇವಾಲಯವುಂಟು. 1911ರಲ್ಲಿ ಆರಂಭವಾದ ಕನ್ನಂಬಾಡಿ ಕಟ್ಟೆಯ ಹಿನ್ನೀರು ಈ ಕಡೆಯ ನೆಲವನ್ನೂ ಆವರಿಸಿದೆ. ಹಳೆಯ ಕನ್ನಂಬಾಡಿಯು ನೀರಿನಲ್ಲಿ ಮುಳುಗಿತು. ಅಲ್ಲಿನ ವೇಣುಗೋಪಾಲಸ್ವಾಮಿಯ ಗುಡಿಯನ್ನು ಬಿಡಿಸಿ ಹೊಸ ಕನ್ನಂಬಾಡಿಯಲ್ಲಿ ಮತ್ತೆ ಕಟ್ಟಿದರು. ಕೆಲವು ಹಳ್ಳಿಗಳು ತಮ್ಮ ಒಲೆಯ ಕಲ್ಲುಗಳನ್ನೂ ನೀರಿಗೆ ಬಿಟ್ಟು ಹೊರಟದ್ದರಿಂದಲೇ ವಿಶ್ವೇಶ್ವರಯ್ಯ ನಾಲೆಯ ಬಯಲುಗಳಲ್ಲಿ ಭತ್ತವೂ ಕಬ್ಬೂ ಬೆಳೆದವು. ಇಂದಿಗೂ ಈ ಸೀಮೆಯ ರೈತನು ಮಳೆಗಾಲದಲ್ಲಿ ಕೇಳುವ ಮೊದಲ ಪ್ರಶ್ನೆ, ಕಟ್ಟೆಯ ನೀರು 124.80 ಅಡಿ ಮುಟ್ಟಿತೇ ಎಂಬುದು.

ಇನ್ನು ನಾಗಮಂಗಲ. ಸೌಮ್ಯಕೇಶವನ ಈ ಊರಿನ ಸುತ್ತಣ ಹಳ್ಳಿಗಳಲ್ಲಿ ಬಹುಭಾಗ ಮಳೆಯನ್ನೂ ಕೆರೆಯನ್ನೂ ನಂಬಿದವು. ಮಳೆ ತಪ್ಪಿದರೆ ಮನೆಯ ಮಕ್ಕಳು ಗಂಟುಮೂಟೆ ಕಟ್ಟಿಕೊಂಡು ಹೋಗುವುದು ಬೆಂಗಳೂರಿಗೇ. ನೀರು ಹೋದ ದಾರಿಯಲ್ಲಿಯೇ ಜನರೂ ಹೋಗುತ್ತಾರೆ. ಹೋದ ಜನರಿಗಾಗಿ ಮತ್ತಷ್ಟು ನೀರು ಹೋಗಬೇಕಾಗುತ್ತದೆ. ಈ ಚಕ್ರವು ಇನ್ನೊಂದು ಶತಮಾನ ಹೀಗೆಯೇ ತಿರುಗಿದರೆ, ಹಳ್ಳಿಯೂ ಒಣಗೀತು, ಪಟ್ಟಣವೂ ಬಾಯಾರೀತು.

ಬೇರೊಂದು ಚಿತ್ರವೂ ಸಾಧ್ಯವುಂಟು. ಬೆಂಗಳೂರಿನ ಬಳಸಿದ ನೀರನ್ನು ಶುದ್ಧಿಮಾಡಿ ಕೋಲಾರದ ಕೆರೆಗಳಿಗೆ ಹರಿಸುವುದು 2018ರಲ್ಲಿ ಮೊದಲಾಯಿತು. ಮನೆಯ ಮಾಳಿಗೆಯ ಮೇಲೆ ಬಿದ್ದ ಮಳೆಯನ್ನು ಹಿಡಿದಿಡಬೇಕೆಂಬ ಕಾನೂನು 2009ರಲ್ಲಿಯೇ ಬಂದಿದೆ. ಇವು ನಾಮಮಾತ್ರಕ್ಕೆ ನಿಲ್ಲದೆ ಪ್ರತಿಯೊಂದು ಮನೆಯ ನಿತ್ಯನೇಮವಾದರೆ, ಉಳಿದ ಕೆರೆಗಳಾದರೂ ಒತ್ತುವರಿಗೆ ಸಿಕ್ಕದೆ ಬದುಕಿದರೆ, ನೂರು ವರ್ಷಗಳ ಮೇಲಣ ಬೆಂಗಳೂರು ನದಿಯೊಡನೆ ಬರಿಯ ಸಾಲದ ಸಂಬಂಧವಿಟ್ಟುಕೊಳ್ಳದೆ ಕೊಟ್ಟು ಕೊಳ್ಳುವ ನೆಂಟಸ್ತಿಕೆಯನ್ನು ಬೆಳೆಸೀತು.

ಪಟ್ಟಣದ ಭವಿಷ್ಯವನ್ನು ಬರೆಯುವವರು ಶಿಲ್ಪಿಗಳೂ ಮಂತ್ರಿಗಳೂ ಮಾತ್ರವೆಂದು ತಿಳಿಯಬಾರದು. ಕೊಳಾಯಿಯನ್ನು ತಿರುಗಿಸುವ ಕೈಯೂ ಅದರಲ್ಲಿ ಒಂದು ಅಕ್ಷರವನ್ನು ಬರೆಯುತ್ತಿರುತ್ತದೆ.