ಗಡಿಯ ಎರಡೂ ಕಡೆ ತಲೆಯಾಡಿಸಿದ್ದು

1979ರ ಜನವರಿ 7ರಂದು ವಿಯೆಟ್ನಾಂ ಸೈನ್ಯ ಕಾಂಬೋಡಿಯಾದ ರಾಜಧಾನಿ ನೋಮ್ ಪೆನ್ ಹೊಕ್ಕಿತು. ಈ ಸಂಗತಿಯನ್ನು ನಾನು ಮೊದಲು ವಿಯೆಟ್ನಾಂ ಗೈಡ್ ಬಾಯಿಂದ ಕೇಳಿದೆ, ಗಡಿ ದಾಟಿದ ಮೇಲೆ ಕಾಂಬೋಡಿಯಾದ ಗೈಡ್ ಬಾಯಿಂದ ಕೇಳಿದೆ. ಇಬ್ಬರ ಮಾತೂ ಒಂದಕ್ಕೊಂದು ಹೊಂದುವಂಥದ್ದಾಗಿರಲಿಲ್ಲ. ಇಬ್ಬರಿಗೂ ನಾನು ತಲೆಯಾಡಿಸಿದೆ. ಊರಿಗೆ ಬಂದು ಫೋಟೋಗಳನ್ನೆಲ್ಲ ಮಕ್ಕಳಿಗೆ ತೋರಿಸಿ ಮುಗಿದ ಮೇಲೂ ಆ ತಲೆಯಾಡಿಕೆ ನನ್ನನ್ನು ಬಿಟ್ಟಿಲ್ಲ. ಅದು ಎಲ್ಲಿಂದ ಬಂತು ಎಂದು ಬಿಡಿಸಿ ನೋಡಿಕೊಳ್ಳಬೇಕಾಗಿದೆ.

ನಾನು ಮಂಡ್ಯ ಜಿಲ್ಲೆಯ ಸರ್ಕಾರಿ ಪ್ರೌಢಶಾಲೆಗಳಲ್ಲಿ ಸಮಾಜ ವಿಜ್ಞಾನ ಪಾಠ ಮಾಡಿ ನಿವೃತ್ತಳಾದವಳು. ಗುಂಪಿನಲ್ಲಿದ್ದವರೂ ಹೆಚ್ಚುಕಡಿಮೆ ನನ್ನಂಥವರೇ: ಬ್ಯಾಂಕಿನಿಂದ ನಿವೃತ್ತರಾದವರು, ಮಕ್ಕಳು ದುಡ್ಡು ಕಟ್ಟಿ ಕಳಿಸಿದ ದಂಪತಿಗಳು, ಮೈಸೂರಿನ ಅಕ್ಕತಂಗಿಯರಿಬ್ಬರು. ಬೆಂಗಳೂರಿನಿಂದ ಜೊತೆಗೆ ಬಂದ ಟೂರ್ ಮ್ಯಾನೇಜರ್ ಹುಡುಗ ನಮ್ಮ ಪಾಸ್‌ಪೋರ್ಟು, ಊಟ, ಮಾತ್ರೆ ಎಲ್ಲವನ್ನೂ ನೋಡಿಕೊಳ್ಳುತ್ತಿದ್ದ. ಗುಂಪು ಪ್ರವಾಸವನ್ನು ಕೀಳಾಗಿ ಕಾಣುವವರ ಮಾತು ನಾನು ಒಪ್ಪುವುದಿಲ್ಲ. ಒಂಟಿ ಹೆಂಗಸಿಗೆ, ಮಂಡಿನೋವಿನವಳಿಗೆ, ಅಲ್ಲಿನ ಭಾಷೆಯ ಒಂದಕ್ಷರವೂ ಬಾರದವಳಿಗೆ ಇಂಥ ಏರ್ಪಾಡು ಇಲ್ಲದಿದ್ದರೆ ಈ ಜನ್ಮದಲ್ಲಿ ಮೆಕಾಂಗ್ ನದಿ ನೋಡುವ ಯೋಗವೇ ಇರುತ್ತಿರಲಿಲ್ಲ. ಆದರೆ ಅದರಲ್ಲೊಂದು ಕಟ್ಟುಪಾಡಿದೆ. ಬಸ್ಸಿನ ಮುಂದೆ ಮೈಕ್ ಹಿಡಿದು ನಿಂತವನು ಏನು ಹೇಳುತ್ತಾನೋ ಅದೇ ಆ ದೇಶ. ಅವನು ಒಳ್ಳೆಯವನಾಗಿದ್ದರೆ, ನಮ್ಮ ಲಗೇಜಿಗೆ ಕೈ ಕೊಡುವವನಾಗಿದ್ದರೆ, ಅವನ ಮಾತಿಗೆ ಎದುರಾಡಲು ಮನಸ್ಸೇ ಬರುವುದಿಲ್ಲ.

ವಿಯೆಟ್ನಾಂ ಗೈಡ್ ತುಂಬಾ ಒಳ್ಳೆಯವನು. ಮೂವತ್ತರ ಆಸುಪಾಸಿನ ಹುಡುಗ, ಅಮೆರಿಕದ ಯುದ್ಧವನ್ನು ಕಣ್ಣಾರೆ ಕಂಡವನಲ್ಲ. ಹಿಂದೆ ಸೈಗಾನ್ ಎನ್ನುತ್ತಿದ್ದ ಹೋ ಚಿ ಮಿನ್ ಸಿಟಿಯಲ್ಲಿ ಅವನು ನಮ್ಮನ್ನು ಆಗಿನ ದಕ್ಷಿಣ ವಿಯೆಟ್ನಾಂ ಅಧ್ಯಕ್ಷರ ಅರಮನೆಯ ಗೇಟಿನ ಮುಂದೆ ನಿಲ್ಲಿಸಿ, ಯುದ್ಧ ಮುಗಿದ 1975ರ ಏಪ್ರಿಲ್ 30ರಂದು ಉತ್ತರದವರ ಟ್ಯಾಂಕುಗಳು ಎಲ್ಲಿಂದ ನುಗ್ಗಿದವು ಎಂದು ಕೈಮಾಡಿ ತೋರಿಸಿದ. ಕು ಚಿಯಲ್ಲಿ ಸುಮಾರು 250 ಕಿಲೋಮೀಟರ್ ಉದ್ದಕ್ಕೆ ಕೊರೆದಿದ್ದ ಸುರಂಗಗಳಲ್ಲಿ, ಪ್ರವಾಸಿಗಳಿಗೆಂದು ಅಗಲ ಮಾಡಿದ ಒಂದು ಭಾಗಕ್ಕೆ ಇಳಿಸಿದ. ಮೇಲೆ ಬಂದ ಮೇಲೆ ಬೇಯಿಸಿದ ಮರಗೆಣಸು, ಕಡಲೆಕಾಯಿ ಬೀಜದ ಪುಡಿ ಕೊಟ್ಟರು. ಸುರಂಗದೊಳಗಿದ್ದವರು ಇದನ್ನು ತಿಂದೇ ದಿನ ತಳ್ಳುತ್ತಿದ್ದರಂತೆ. ಯುದ್ಧದ ಮ್ಯೂಸಿಯಂನಲ್ಲಿ ಏಜೆಂಟ್ ಆರೆಂಜ್ ವಿಷದಿಂದ ಅಂಗ ಊನವಾಗಿ ಹುಟ್ಟಿದ ಮಕ್ಕಳ ಫೋಟೋಗಳ ಮುಂದೆ ನಮ್ಮ ಗುಂಪಿನ ಹೆಂಗಸರೆಲ್ಲ ಅತ್ತೆವು. ಅಷ್ಟು ದೊಡ್ಡ ಶಕ್ತಿಯ ಎದುರು ನಿಂತು ಗೆದ್ದ ಜನ ಇವರು. ಅವರ ಮೇಲಿನ ಗೌರವ ನನ್ನಲ್ಲಿ ಇವತ್ತಿಗೂ ಕಡಿಮೆಯಾಗಿಲ್ಲ.

ಮೋಕ್ ಬಾಯ್ ಗಡಿಗೆ ಹೋಗುವ ಬಸ್ಸಿನಲ್ಲಿ ಅವನು ಇನ್ನೊಂದು ಯುದ್ಧದ ವಿಷಯ ತೆಗೆದ. ಕಾಂಬೋಡಿಯಾವನ್ನು ಆಗ ಆಳುತ್ತಿದ್ದ ಪೋಲ್ ಪಾಟ್‌ನ ಖ್ಮೇರ್ ರೂಜ್ ಪಡೆ ಗಡಿ ದಾಟಿ ಬಂದು ಹಳ್ಳಿಗಳ ಮೇಲೆ ಬೀಳುತ್ತಿತ್ತು. 1978ರ ಏಪ್ರಿಲ್‌ನಲ್ಲಿ ಬಾ ಚುಕ್ ಎಂಬ ಊರಿನಲ್ಲಿ 3,157 ಜನರನ್ನು ಕೊಂದರು. ಆ ಊರಿನಲ್ಲಿ ಸತ್ತವರ ತಲೆಬುರುಡೆಗಳನ್ನು ಇವತ್ತಿಗೂ ಸ್ಮಾರಕದಲ್ಲಿ ಇಟ್ಟಿದ್ದಾರೆ. ಆ ವರ್ಷದ ಡಿಸೆಂಬರ್ ಕೊನೆಗೆ ವಿಯೆಟ್ನಾಂ ಸೈನ್ಯ ಒಳನುಗ್ಗಿ ಎರಡೇ ವಾರದಲ್ಲಿ ಪೋಲ್ ಪಾಟ್‌ನನ್ನು ಓಡಿಸಿತು. "ನನ್ನ ದೊಡ್ಡಪ್ಪ ಅಲ್ಲೇ ಸತ್ತರು. ಪಕ್ಕದ ಮನೆಯವರನ್ನು ಉಳಿಸೋಕೆ ಹೋಗಿ ಸತ್ತರು" ಎಂದ. ನಾನು ಮುಂದಿನ ಸೀಟಿನಲ್ಲೇ ಕೂತಿದ್ದೆ. ಅವನ ಮುಖ ನೋಡುತ್ತಾ ತಲೆಯಾಡಿಸಿದೆ.

ಗಡಿಯಲ್ಲಿ ಅವನು ನಿಂತುಬಿಟ್ಟ. ನಾವು ಸಾಮಾನು ಎಳೆದುಕೊಂಡು ಠಸ್ಸೆ ಹಾಕಿಸಿಕೊಂಡು ಆ ಕಡೆಗೆ, ಬಾವೆಟ್ ಊರಿನ ಕ್ಯಾಸಿನೋಗಳ ಕಡೆಗೆ ನಡೆದೆವು. ಅಲ್ಲಿ ಇನ್ನೊಬ್ಬ ಗೈಡ್, ಇನ್ನೊಂದು ಬಸ್ಸು.

ಈತನಿಗೆ ಸುಮಾರು ನನ್ನ ವಯಸ್ಸು. 1975ರಲ್ಲಿ ಖ್ಮೇರ್ ರೂಜ್ ನೋಮ್ ಪೆನ್‌ನ ಜನರನ್ನೆಲ್ಲ ಹೊರಗಟ್ಟಿದಾಗ ಅಪ್ಪ ಅಮ್ಮನ ಜೊತೆ ನಡೆದು ಹೋದ ಹುಡುಗ. ಮೂರು ವರ್ಷ ಎಂಟು ತಿಂಗಳು ಇಪ್ಪತ್ತು ದಿನ ಎಂದು ಅಲ್ಲಿನವರೆಲ್ಲ ಹೇಳುವ ಆ ಕಾಲದಲ್ಲಿ ಸತ್ತವರು ಹತ್ತಿರ ಹತ್ತಿರ ಇಪ್ಪತ್ತು ಲಕ್ಷ. ಹಸಿವು, ಕಾಯಿಲೆ, ಕೊಲೆ. ಅವನು ಅದನ್ನು ಜೋರಾಗಿ ಹೇಳಲಿಲ್ಲ. ನೀಕ್ ಲುವಾಂಗ್‌ನಲ್ಲಿ ಮೆಕಾಂಗ್ ಮೇಲಿನ ದೊಡ್ಡ ಸೇತುವೆ ಹತ್ತುವಾಗ, ನದಿ ಕೆಳಗೆ ಹೋಗಿ ಸಮುದ್ರ ಸೇರುವ ಆ ಡೆಲ್ಟಾ ಪೂರ್ತಿ ಒಂದು ಕಾಲಕ್ಕೆ ಖ್ಮೇರರದ್ದು, ಸೈಗಾನ್ ಇದ್ದ ಜಾಗ ಪ್ರೇ ನಕೋರ್ ಎಂಬ ನಮ್ಮ ಊರು, ಈಗಲೂ ಅಲ್ಲಿ ನಮ್ಮ ಭಾಷೆಯವರಿದ್ದಾರೆ ಎಂದ. ಆಮೇಲೆ ಜನವರಿ 7ರ ಮಾತು ಬಂತು. ವಿಯೆಟ್ನಾಮಿನವರು ಬಂದರು, ಹತ್ತು ವರ್ಷ ಹೋಗಲಿಲ್ಲ ಎಂದ. 1989ರ ಸೆಪ್ಟೆಂಬರ್‌ವರೆಗೆ ಇದ್ದರು. ಥಾಯ್ಲೆಂಡ್ ಗಡಿಯಲ್ಲಿ ಖ್ಮೇರ್ ರೂಜ್‌ನವರನ್ನು ತಡೆಯಲು ಕಾಡು ಕಡಿದು ನೆಲಬಾಂಬ್ ಹೂಳುವ ಕೆ5 ಎಂಬ ಯೋಜನೆಗೆ ಹಳ್ಳಿಯ ಗಂಡಸರನ್ನು ಎಳೆದುಕೊಂಡು ಹೋದರು. ಎಷ್ಟೋ ಜನ ಮಲೇರಿಯಾದಲ್ಲಿ ಸತ್ತರು. ಅವನ ಅಣ್ಣ ಅಲ್ಲಿಂದ ಒಂದು ಕಾಲು ಕಳೆದುಕೊಂಡು ಬಂದ. ನಾನು ಆ ಮಾತಿಗೂ ತಲೆಯಾಡಿಸಿದೆ. ಬೆಳಿಗ್ಗೆಯ ಹುಡುಗನ ದೊಡ್ಡಪ್ಪ ಆಗ ನೆನಪಿಗೇ ಬರಲಿಲ್ಲ.

ಹೊರಗಿನವಳು ಎರಡೂ ಕಡೆ ಕೇಳಿಸಿಕೊಂಡರೆ ಏನು ತಪ್ಪು ಎಂದು ಮನಸ್ಸು ಸಮಾಧಾನ ಹೇಳುತ್ತಿತ್ತು. ಮಾರನೆ ದಿನ ಟುವೋಲ್ ಸ್ಲೆಂಗ್ ನೋಡಿದ ಮೇಲೆ ಆ ಸಮಾಧಾನ ನಿಲ್ಲಲಿಲ್ಲ.

ನೋಮ್ ಪೆನ್‌ನ ಟುವೋಲ್ ಸ್ಲೆಂಗ್ ಹಿಂದೆ ಒಂದು ಹೈಸ್ಕೂಲಾಗಿತ್ತು. ಮೂರು ಅಂತಸ್ತಿನ ಕಟ್ಟಡಗಳು, ಮುಂದೆ ಉದ್ದ ವರಾಂಡ, ನಡುವೆ ಅಂಗಳ, ಅಂಗಳದಲ್ಲಿ ದೇವಕಣಗಿಲೆ ಮರ. ನಾನು ಕೆಲಸ ಮಾಡಿದ ಶಾಲೆಗಳ ಹಾಗೇ ಇದೆ. ಖ್ಮೇರ್ ರೂಜ್ ಇದನ್ನು ಎಸ್-21 ಎಂಬ ಸೆರೆಮನೆ ಮಾಡಿತು. ಕಡಿಮೆಯೆಂದರೂ 14,000 ಜನ ಇದರೊಳಗೆ ಬಂದರು. ಜೀವಂತ ಉಳಿದವರು ಬೆರಳೆಣಿಕೆಯಷ್ಟು. ಕೆಳಗಿನ ಕೋಣೆಗಳಲ್ಲಿ ಬಿಳಿ ಮತ್ತು ಹಳದಿ ಚೌಕಗಳ ಹಾಸುನೆಲ, ಅದರ ಮೇಲೆ ಕಬ್ಬಿಣದ ಮಂಚ, ಕಾಲಿಗೆ ಹಾಕುವ ಸರಳು. ಇನ್ನೊಂದು ಕಟ್ಟಡದಲ್ಲಿ ಕ್ಲಾಸ್‌ರೂಮಿನೊಳಗೇ ಇಟ್ಟಿಗೆ ಗೋಡೆ ಎಬ್ಬಿಸಿ ಒಬ್ಬರು ಕಾಲು ಚಾಚಿದರೆ ತುಂಬುವಷ್ಟು ಗೂಡುಗಳನ್ನು ಮಾಡಿದ್ದಾರೆ. ಗೂಡುಗಳ ಮೇಲೆ, ಹಿಂದಿನ ಗೋಡೆಯಲ್ಲಿ, ಕಪ್ಪು ಹಲಗೆ ಹಾಗೇ ಇದೆ. ಅದರ ಮುಂದೆ ನನಗೆ ಕಾಲು ಕೀಳಲಾಗಲಿಲ್ಲ. ಟೂರ್ ಮ್ಯಾನೇಜರ್ ಬಂದು, "ಅಮ್ಮಾ, ಎಲ್ಲರೂ ಬಸ್ ಹತ್ತಿದ್ರು, ಊಟಕ್ಕೆ ಟೈಮಾಯ್ತು" ಎಂದು ಮೆಲ್ಲಗೆ ತೋಳು ಹಿಡಿದ.

ಆ ಸೆರೆಮನೆಯ ಮುಖ್ಯಸ್ಥ ಡುಚ್ ಹಿಂದೆ ಗಣಿತದ ಮೇಷ್ಟರು. ಒಳಗೆ ಬಂದ ಪ್ರತಿಯೊಬ್ಬರ ಫೋಟೋ ತೆಗೆಸಿ, ನಂಬರು ಹಾಕಿ, ಹೊಡೆದು ಬಡಿದು ಬರೆಸಿಕೊಂಡ ತಪ್ಪೊಪ್ಪಿಗೆಗಳ ಅಂಚಿನಲ್ಲಿ ಕೆಂಪು ಶಾಯಿಯಿಂದ ಟಿಪ್ಪಣಿ ಹಾಕುತ್ತಿದ್ದ. ಇಲ್ಲಿ ಉತ್ತರ ಸಾಲದು, ಇಲ್ಲಿ ಇನ್ನಷ್ಟು ಕೇಳಿ ಎನ್ನುವ ರೀತಿಯಲ್ಲಿ. 2010ರಲ್ಲಿ ಅಂತರರಾಷ್ಟ್ರೀಯ ನೆರವಿನ ನ್ಯಾಯಾಲಯ ಅವನನ್ನು ಅಪರಾಧಿ ಎಂದಿತು. ಪೋಲ್ ಪಾಟ್ ಕೂಡ ಮೇಷ್ಟರೇ. ನೋಮ್ ಪೆನ್‌ನ ಖಾಸಗಿ ಕಾಲೇಜೊಂದರಲ್ಲಿ ಫ್ರೆಂಚ್ ಸಾಹಿತ್ಯ, ಚರಿತ್ರೆ ಹೇಳಿಕೊಡುತ್ತಿದ್ದ. ಮೃದು ಮಾತಿನವನು, ಹುಡುಗರಿಗೆ ಅಚ್ಚುಮೆಚ್ಚಿನವನು ಎಂದು ಅವನ ಬಗ್ಗೆ ಬರೆದವರು ಹೇಳುತ್ತಾರೆ. ಚರಿತ್ರೆಯ ಮೇಷ್ಟರಿಗೆಲ್ಲ ಈ ಪಾಪ ಅಂಟುತ್ತದೆ ಎಂದು ನಾನು ಹೇಳುತ್ತಿಲ್ಲ. ಆದರೆ ಎದುರಿಗೆ ಕೂತವರು ಮರುಪ್ರಶ್ನೆಯಿಲ್ಲದೆ ತಲೆಯಾಡಿಸಬೇಕು ಎಂಬ ಆಸೆ ನಮ್ಮ ಕಸುಬಿನೊಳಗೇ ಇದೆ. ನನ್ನಲ್ಲಿ ಅದು ಎಷ್ಟಿತ್ತು ಎಂದು ಆ ಹಲಗೆಯ ಮುಂದೆ ಕೇಳಿಕೊಳ್ಳದೆ ಇರಲಾಗಲಿಲ್ಲ.

1991ರಲ್ಲಿ ನಾನು ಕೆಲಸಕ್ಕೆ ಹೊಸಬಳು. ಆ ಜೂನ್‌ನಲ್ಲಿ ಕಾವೇರಿ ನ್ಯಾಯಮಂಡಳಿ ತಮಿಳುನಾಡಿಗೆ 205 ಟಿಎಂಸಿ ನೀರು ಬಿಡಬೇಕೆಂದು ಮಧ್ಯಂತರ ಆದೇಶ ಕೊಟ್ಟಿತು. ಮಂಡ್ಯದಲ್ಲಿ ಆ ವರ್ಷ ಬೇರೆ ಮಾತೇ ಇರಲಿಲ್ಲ. ಡಿಸೆಂಬರ್‌ನಲ್ಲಿ ಬೆಂಗಳೂರಿನಲ್ಲೂ ನಮ್ಮ ಕಡೆಯೂ ತಮಿಳರ ಮೇಲೆ ಕೈ ಮಾಡಿದರು, ಮನೆ ಅಂಗಡಿ ಸುಟ್ಟರು, ಜೀವಗಳು ಹೋದವು. ನಾನು ಕ್ಲಾಸಿನಲ್ಲಿ 1892ರ ಒಪ್ಪಂದ, 1924ರ ಒಪ್ಪಂದ, ಬ್ರಿಟಿಷರ ಕೈಕೆಳಗಿದ್ದ ಮದರಾಸಿನ ಮುಂದೆ ಮೈಸೂರು ಹೇಗೆ ಬಗ್ಗಬೇಕಾಯಿತು ಎಂದು ಹಲಗೆ ತುಂಬ ಬರೆದು ಪಾಠ ಮಾಡಿದೆ. ಅದರಲ್ಲಿ ಸುಳ್ಳು ಒಂದೂ ಇರಲಿಲ್ಲ. ನಾಲೆಯ ಕೊನೆಯ ಊರುಗಳಲ್ಲಿ ಪೈರು ಒಣಗಿದ್ದನ್ನು ಕಂಡವಳು ನಾನು. ಆ ಸಂಕಟವನ್ನು ಇವತ್ತಿಗೂ ಬಿಟ್ಟುಕೊಡುವುದಿಲ್ಲ. ಮುಂದಿನ ಬೆಂಚಿನಲ್ಲಿ ಒಬ್ಬಳು ಹುಡುಗಿ ಕೂರುತ್ತಿದ್ದಳು. ಸಕ್ಕರೆ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ತಮಿಳರ ಮಗಳು. ಕನ್ನಡದಲ್ಲಿ ಕ್ಲಾಸಿಗೇ ಮೊದಲು. ಅವಳೂ ಉಳಿದವರ ಜೊತೆ ತಲೆಯಾಡಿಸಿದಳು. ಅದು ಒಪ್ಪಿಗೆಯೋ ಹೆದರಿಕೆಯೋ ಎಂಬ ಪ್ರಶ್ನೆ ನೋಮ್ ಪೆನ್‌ನ ಆ ಕೋಣೆಗೆ ಹೋಗುವವರೆಗೆ ನನಗೆ ಹುಟ್ಟಿರಲಿಲ್ಲ. ಬಸ್ಸಿನಲ್ಲಿ ನಾನು ತಲೆಯಾಡಿಸಿದ್ದರಲ್ಲಿ ಹೆದರಿಕೆ ಇರಲಿಲ್ಲ. ಹೇಳುವವನ ಮನಸ್ಸು ನೋಯಿಸಬಾರದು, ನಮ್ಮ ಊಟದ ಹೊತ್ತು ಕೆಡಬಾರದು, ಅಷ್ಟೆ. ಅವಳಿಗಿದ್ದದ್ದು ಅಂಥ ಸುಖದ ಕಾರಣವಲ್ಲ.

ನೋಮ್ ಪೆನ್‌ನಿಂದ ಅಂಕೋರ್ ದೇವಾಲಯಗಳ ಊರಾದ ಸಿಯೆಮ್ ರೀಪ್‌ಗೆ ಬರುವಾಗ ಗುಂಪಿಗೆ ಮತ್ತೆ ಜೀವ ಬಂತು. ಅಂಕೋರ್ ವಾಟ್‌ನ ಪೂರ್ವದ ಗೋಡೆಯಲ್ಲಿ ಸಮುದ್ರಮಥನವನ್ನು ಸುಮಾರು 49 ಮೀಟರ್ ಉದ್ದಕ್ಕೆ ಕೆತ್ತಿದ್ದಾರೆ. ದೇವತೆಗಳ ಸಾಲು, ಅಸುರರ ಸಾಲು, ನಡುವೆ ವಿಷ್ಣು. ಮೈಸೂರಿನ ಅಕ್ಕ ಕಣ್ಣೊರೆಸಿಕೊಳ್ಳುತ್ತಾ, "ನೋಡಿ, ಇದೆಲ್ಲ ನಮ್ಮದೇ" ಎಂದರು. ನನಗೂ ಮೈ ಜುಮ್ಮೆಂದಿತು. ಗೈಡ್ ನಕ್ಕು, 1986ರಿಂದ 1993ರವರೆಗೆ ಭಾರತದ ಪುರಾತತ್ವ ಇಲಾಖೆಯವರು ಇಲ್ಲಿದ್ದು ದುರಸ್ತಿ ಮಾಡಿದರು, ಬೇರೆ ಯಾರೂ ಬಾರದ ಕಾಲದಲ್ಲಿ ಬಂದರು ಎಂದಾಗ ಎಲ್ಲರೂ ಚಪ್ಪಾಳೆ ತಟ್ಟಿದೆವು. ಊರಿಗೆ ಬಂದು ಓದಿದ ಮೇಲೆ ಉಳಿದರ್ಧ ತಿಳಿಯಿತು. ವಿಯೆಟ್ನಾಂ ಕೂರಿಸಿದ ಸರ್ಕಾರವನ್ನು 1980ರ ಜುಲೈನಲ್ಲಿ ಭಾರತ ಒಪ್ಪಿಕೊಂಡಿತ್ತು. ಕಮ್ಯುನಿಸ್ಟ್ ಬಣದ ಹೊರಗೆ ಹಾಗೆ ಮಾಡಿದ ದೇಶಗಳು ತೀರಾ ಕಡಿಮೆ. ಆ ಒಪ್ಪಿಗೆ ಇದ್ದದ್ದರಿಂದಲೇ ನಮ್ಮವರಿಗೆ ಅಂಕೋರ್‌ನ ಕೆಲಸ ಸಾಧ್ಯವಾಯಿತು. ಅಂದರೆ ನಾವು ತಟ್ಟಿದ ಚಪ್ಪಾಳೆ ಕೂಡ ಆ ಜನವರಿ 7ರ ಒಂದು ಪಕ್ಕಕ್ಕೆ ಸೇರಿದ್ದು. ಹೊರಗಿನವಳು ನಾನು ಎಂದುಕೊಂಡಿದ್ದೆನಲ್ಲ, ನನ್ನ ದೇಶ ಆಗಲೇ ಒಂದು ಕಡೆ ನಿಂತಿತ್ತು.

ಬಾಯೋನ್ ದೇವಾಲಯದ ಹೊರಗೋಡೆಯಲ್ಲಿ ಖ್ಮೇರರಿಗೂ ಚಾಮರಿಗೂ ನಡೆದ ದೋಣಿ ಯುದ್ಧವಿದೆ. ಈಗಿನ ಮಧ್ಯ ಮತ್ತು ದಕ್ಷಿಣ ವಿಯೆಟ್ನಾಂನ ಕರಾವಳಿಯನ್ನು ಆಳಿದ ಚಾಮರು 1177ರಲ್ಲಿ ಬಂದು ಅಂಕೋರ್ ಕೊಳ್ಳೆ ಹೊಡೆದರು. ಆಮೇಲೆ ಏಳನೆಯ ಜಯವರ್ಮ ಅವರನ್ನು ಸೋಲಿಸಿ ಇದನ್ನು ಕಟ್ಟಿಸಿದ. ದೋಣಿಯಿಂದ ನೀರಿಗೆ ಬಿದ್ದವರನ್ನು ಮೊಸಳೆ ಹಿಡಿಯುತ್ತದೆ. ಕೆಳಗಿನ ಸಾಲಿನಲ್ಲಿ ಹೆಂಗಸರು ಮೀನು ಮಾರುತ್ತಿದ್ದಾರೆ, ಗಂಡಸರು ಕೋಳಿ ಅಂಕಕ್ಕೆ ಬಾಜಿ ಕಟ್ಟುತ್ತಿದ್ದಾರೆ. ಉಳಿದವರು ಫೋಟೋಗೆ ಮೇಲಿನ ಮುಖಗೋಪುರಗಳ ಕಡೆ ಹೋದರು. ಮಂಡಿ ನೋಯುತ್ತಿತ್ತು, ನಾನು ಕೆಳಗೇ ಕೂತೆ. ಗೈಡ್ ಪಕ್ಕದಲ್ಲಿ ಕೂತು ನೀರು ಕೊಟ್ಟ. ಆಗ ಕೇಳಿಯೇಬಿಟ್ಟೆ, ಗಡಿಯ ಆ ಕಡೆಯ ಹುಡುಗ ತನ್ನ ದೊಡ್ಡಪ್ಪ ನಿಮ್ಮನ್ನು ಉಳಿಸೋಕೆ ಬಂದು ಸತ್ತರು ಎಂದ, ನೀವೇನು ಹೇಳ್ತೀರಿ ಎಂದು.

ಅವನಿಗೆ ಕೋಪ ಬರಲಿಲ್ಲ. "ಅವರು ಬರದೇ ಇದ್ದಿದ್ದರೆ ನಾನು ಇವತ್ತು ಇರ್ತಿರಲಿಲ್ಲ, ಮೇಡಂ. ಅಷ್ಟು ಹೊತ್ತಿಗೆ ನಮ್ಮ ಮನೇಲಿ ಅಮ್ಮ, ಅಣ್ಣ, ನಾನು ಮೂರೇ ಜನ ಉಳಿದಿದ್ದೆವು. ಆ ಹುಡುಗ ಹೇಳಿದ್ದು ನಿಜ. ನನ್ನಣ್ಣನ ಕಾಲೂ ನಿಜ." ಬಸ್ಸಿನಲ್ಲಿ ಇದನ್ನು ಯಾಕೆ ಹೇಳಲಿಲ್ಲ ಎಂದೆ. "ಯಾರೂ ಕೇಳೋದಿಲ್ಲ" ಎಂದ.

ನನ್ನ ತೀರ್ಮಾನ ಹೇಳುವುದಾದರೆ, ವಿಯೆಟ್ನಾಂ ಒಳಗೆ ಹೋದದ್ದು ಆ ಜನರ ಜೀವ ಉಳಿಸಿತು, ಅಲ್ಲೇ ಉಳಿದದ್ದು ಅವರ ಮೇಲೆ ಹೊರೆ ಹೊರಿಸಿತು. ಇವೆರಡಕ್ಕಿಂತ ನನಗೆ ಸಹಿಸಲಾಗದ್ದು ಇನ್ನೊಂದಿದೆ. ಕಾಡಿಗೆ ಓಡಿಹೋದ ಪೋಲ್ ಪಾಟ್‌ನ ಕಡೆಯವರಿಗೇ ವಿಶ್ವಸಂಸ್ಥೆಯಲ್ಲಿ ಕಾಂಬೋಡಿಯಾದ ಸ್ಥಾನ ವರ್ಷಗಟ್ಟಲೆ ಉಳಿಯಿತು. ಚೀನಾ, ಅಮೆರಿಕ, ಯುರೋಪಿನ ಹಲವು ದೇಶಗಳು ಕೈಯೆತ್ತಿ ಅದಕ್ಕೆ ಒಪ್ಪಿದವು. ಇದನ್ನು ನಮ್ಮ ಇಬ್ಬರು ಗೈಡ್‌ಗಳಲ್ಲಿ ಯಾರೂ ಹೇಳಲಿಲ್ಲ, ನಾನು ಇಷ್ಟು ವರ್ಷ ವಿಶ್ವಸಂಸ್ಥೆಯ ಪಾಠ ಮಾಡುವಾಗಲೂ ಹೇಳಿರಲಿಲ್ಲ.

ಮುಂದಿನ ಬೆಂಚಿನ ಆ ಹುಡುಗಿ ಈಗ ಮೈಸೂರಿನಲ್ಲಿದ್ದಾಳೆ. ಹಳೆಯ ವಿದ್ಯಾರ್ಥಿಗಳ ಕೈಲಿ ನಂಬರು ತರಿಸಿಕೊಂಡು ಫೋನ್ ಮಾಡಿದೆ. "ಮಿಸ್, ಆರೋಗ್ಯವಾಗಿದ್ದೀರಾ" ಎಂದು ಶುರುಮಾಡಿದವಳು, ನಾನು 1991ರ ವಿಷಯ ಕೇಳಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದು ಆಮೇಲೆ ತುಂಬಾ ಮಾತಾಡಿದಳು. ಆ ಡಿಸೆಂಬರ್‌ನಲ್ಲಿ ಪಕ್ಕದ ಮನೆಯ ಗೌಡರು ಅವಳ ಮನೆಯವರನ್ನು ಹಿತ್ತಿಲ ಕೊಟ್ಟಿಗೆಯಲ್ಲಿ ಇಟ್ಟುಕೊಂಡಿದ್ದರಂತೆ. ಅವಳ ತಾತನಿಗೆ ತಂಜಾವೂರಿನ ಹತ್ತಿರ ಒಂದಿಷ್ಟು ಗದ್ದೆ ಇತ್ತು. ಮೆಟ್ಟೂರು ಅಣೆಕಟ್ಟೆಯ ಬಾಗಿಲು ತೆಗೆಯುವ ವಾಡಿಕೆಯ ದಿನ ಜೂನ್ 12; ಆ ದಿನ ನೀರು ಬಿಟ್ಟರೆ ಮಾತ್ರ ಅಲ್ಲಿ ಕುರುವೈ ಎಂಬ ಭತ್ತದ ಪೈರು. ರಜಕ್ಕೆ ಹೋದಾಗ ತಾತ ಬೆಳಿಗ್ಗೆ ಎದ್ದು ನಾಲೆ ನೋಡಿಕೊಂಡು ಬರುತ್ತಿದ್ದರು ಎಂದಳು. ಮದ್ದೂರಿನ ರೈತ ವಿಶ್ವೇಶ್ವರಯ್ಯ ನಾಲೆ ನೋಡಲು ಹೋಗುವುದನ್ನು ನಾನು ಪ್ರತಿ ವರ್ಷ ಮಕ್ಕಳಿಗೆ ಹೇಳಿದ್ದೆ. ಜೂನ್ 12ರ ಮಾತನ್ನು ಒಂದು ವರ್ಷವೂ ಹೇಳಿರಲಿಲ್ಲ.