ಜನವರಿಗೆ ನೋಡೋಣ

ನವೆಂಬರ್ 3, 2025, ಸೋಮವಾರ

ಒಪ್ಪಿಕೊಂಡುಬಿಟ್ಟೆ. ಕ್ರೇನ್ ಹುಕ್ಕು, ಬಾಯ್ಲರ್ ವೆಲ್ಡಿಂಗು, ಲಿಫ್ಟಿನ ಶಾಫ್ಟು. ಈ ವಯಸ್ಸಿಗೆ ಇಷ್ಟರ ತಪಾಸಣೆಯೇ ಸಾಕಾಗಿತ್ತು. ಆದರೂ ರೋಲರ್ ಕೋಸ್ಟರ್ ಅಂದಕೂಡಲೇ ಹೂಂ ಅಂದೆ. ಆಸೆ, ಇನ್ನೇನು.

ಪಾರ್ಕು ಊರಾಚೆ, ದೊಡ್ಡದೇನಲ್ಲ. ಕೋಸ್ಟರ್ ಹೊರದೇಶದ್ದು, ಸೆಕೆಂಡ್ ಹ್ಯಾಂಡ್. ಒಂದು ಲೂಪು, ಎರಡು ಬಿಗಿ ತಿರುವು. ಇಲ್ಲಿಗೆ ಬಂದೇ 16 ವರ್ಷ. ಅದಕ್ಕೆ ಮುಂಚೆ ಎಲ್ಲಿ ಎಷ್ಟು ಓಡಿತ್ತು ಅನ್ನೋದಕ್ಕೆ ಒಂದು ಕಾಗದವೂ ಇಲ್ಲ. ಮಾಡಿದ ಕಂಪನಿ ಬಾಗಿಲು ಹಾಕಿದೆ.

"ಕ್ರಿಸ್‌ಮಸ್ ರಜಕ್ಕೆ ಮುಂಚೆ ಒಂದು ಸರ್ಟಿಫಿಕೇಟ್ ಆಗ್ಬೇಕಿತ್ತು ಮೇಡಂ." ಮ್ಯಾನೇಜರ್ ದನಿ ತುಂಬ ಮೃದು.

ನವೆಂಬರ್ 5, ಬುಧವಾರ

ಬೆಳಗ್ಗೆ ಆರಕ್ಕೇ ಬನಶಂಕರಿ ಬಿಟ್ಟೆವು, ನಾನು ಮತ್ತು ನನ್ನ ಜೊತೆ ಕೆಲಸ ಮಾಡುವ ಹುಡುಗ. ಮಂಜು. ಹಳಿಯ ಮೇಲೆಲ್ಲ ನೀರಿನ ಹನಿ.

ಸೀಟಿಗೊಂದು ಮರಳಿನ ಚೀಲ ಕಟ್ಟಿ ಖಾಲಿ ಸುತ್ತು ಬಿಟ್ಟರು. ಚೈನು ಗಾಡಿಯನ್ನು ಮೇಲಕ್ಕೆಳೆಯುವಾಗ ಟಕ್ ಟಕ್ ಅನ್ನುವ ಸದ್ದು ಚೈನಿನದು ಅಂದುಕೊಳ್ಳುತ್ತಾರೆ ಜನ. ಅಲ್ಲ. ಗಾಡಿ ಹಿಂದಕ್ಕೆ ಜಾರದಂತೆ ಹಲ್ಲಿನಿಂದ ಹಲ್ಲಿಗೆ ಬೀಳುವ ಕಬ್ಬಿಣದ ನಾಲಗೆಯದು. ಫೋರ್‌ಮನ್ ಪಕ್ಕದಲ್ಲೇ ನಿಂತಿದ್ದರು. ಮೊದಲು ಗಿರಣಿಯಲ್ಲಿ ಫಿಟ್ಟರ್ ಆಗಿದ್ದವರು. "ಕಿವಿಗೊಟ್ಟು ಕೇಳಿ ಮೇಡಮ್ಮೋರೇ, ನಾಕನೇ ಬೋಗೀದು ಒಂದೇಟು ತಡವಾಗಿ ಬೀಳ್ತದೆ." ನನಗೆ ಕೇಳಿಸಲಿಲ್ಲ. ಹುಡುಗನಿಗೆ ಕೇಳಿಸಿತು.

ಲಾಗ್ ಬುಕ್ಕು ತರಿಸಿದೆ. ಅಕ್ಟೋಬರ್ ಪೂರ್ತಿ ಒಂದೇ ಪೆನ್ನು, ಒಂದೇ ವಾಲಿಕೆ. ಎಲ್ಲ ದಿನವೂ ಸರಿ ಇದೆ, ಸರಿ ಇದೆ, ಸರಿ ಇದೆ. ಒಂದೇ ಕೂರಿಕೆಯಲ್ಲಿ ಬರೆದದ್ದು. ಫೋರ್‌ಮನ್ ಜೇಬಿನಲ್ಲಿ ಬೇರೆ ಒಂದು ಚಿಕ್ಕ ಪುಸ್ತಕ ಇದೆ. ಅದನ್ನು ತೋರಿಸಲಿಲ್ಲ. ಇದೆ ಅನ್ನುವುದನ್ನು ಮಾತ್ರ ತೋರಿಸಿದರು.

ಚಕ್ರಗಳ ಪಾಲಿಯುರೆಥೇನ್ ಅಲ್ಲಲ್ಲಿ ಸಿಪ್ಪೆ ಎದ್ದಿದೆ. ಹಳಿಯ ಮೇಲಿನವು, ಪಕ್ಕದವು, ಅಡಿಯವು, ಮೂರೂ ಕಡೆ. ಅದರ ಚಿಂತೆಯಿಲ್ಲ, ಬದಲಾಯಿಸಿದರಾಯಿತು. ನನಗೆ ಬೇಕಾಗಿರುವುದು ಆಕ್ಸಲ್. ನಾಲ್ಕು ಬಿಚ್ಚಿ ಕೊಟ್ಟರು. ಎಲ್ಲ ಬಿಚ್ಚಿ ಅಂದೆ. "ಮೊದ್ಲು ಇವನ್ನ ನೋಡಿ ಮೇಡಂ."

ನವೆಂಬರ್ 6. ರಾತ್ರಿ

ನಿದ್ದೆ ಇಲ್ಲ, ಲೆಕ್ಕ ಹಾಕುತ್ತ ಕೂತೆ. ಗಂಟೆಗೆ 20 ಸುತ್ತು, ದಿನಕ್ಕೆ 7 ಗಂಟೆ, ವರ್ಷಕ್ಕೆ 300 ದಿನ ಅಂತ ಹಿಡಿದರೆ 42,000 ಸುತ್ತು. ಸುತ್ತಿಗೆ ಮೂರು ಕಡೆ ಆಕ್ಸಲ್ ಮೇಲೆ ಜೋರು ಭಾರ. ಅಲ್ಲಿಗೆ ವರ್ಷಕ್ಕೆ 1,26,000. 16 ವರ್ಷಕ್ಕೆ 20 ಲಕ್ಷ ದಾಟಿತು. ಹಿಂದಿನ ಊರಿನ ಲೆಕ್ಕ ಬೇರೆ.

ಜರ್ಮನಿಯ ವೋಲರ್ 1850-60ರ ದಶಕಗಳಲ್ಲಿ ರೈಲಿನ ಆಕ್ಸಲ್‌ಗಳನ್ನು ತಿರುಗಿಸಿ ತಿರುಗಿಸಿ ಮುರಿದು ಕಂಡುಕೊಂಡಿದ್ದು ಇದನ್ನೇ: ಒಂದೇ ಸಲಕ್ಕೆ ಆರಾಮಾಗಿ ತಾಳುವ ಭಾರವನ್ನು ಉಕ್ಕು ಲಕ್ಷಾಂತರ ಸಲ ತಾಳುವುದಿಲ್ಲ. ಆದರೆ ಭಾರ ಒಂದು ಮಟ್ಟಕ್ಕಿಂತ ಕೆಳಗಿದ್ದರೆ ಉಕ್ಕು ಎಷ್ಟು ಸಲ ಬೇಕಾದರೂ ತಾಳುತ್ತದೆ. ಸಮಾಧಾನದ ಮಾತು. ತುಕ್ಕು ಹಿಡಿಯುವವರೆಗೆ ಮಾತ್ರ. ತುಕ್ಕಿನ ಗುಳಿ ಬಿದ್ದಮೇಲೆ ಆ ಮಟ್ಟವೇ ಇರುವುದಿಲ್ಲ.

ನಾಲ್ಕರಲ್ಲಿ ಮೂರಕ್ಕೆ ಗುಳಿ ಇದೆ.

ನವೆಂಬರ್ 9, ಭಾನುವಾರ

ತಮ್ಮನ ಮನೆಯವರು ಊಟಕ್ಕೆ ಬಂದಿದ್ದರು. ಅವನ ಮಗಳು ಕಾಲೇಜಿನವರ ಜೊತೆ ವಂಡರ್‌ಲಾಗೆ ಹೊರಟಿದ್ದಾಳೆ. "ಅತ್ತೆ, ಅದು ಶುರುವಾಗಿ ಇಪ್ಪತ್ತು ವರ್ಷ ಆಯ್ತಂತೆ. ಹಳೇದಾಗಿರಲ್ವಾ?"

ಹೌದು, ಬಿಡದಿಯಲ್ಲಿ ಅದು ತೆರೆದದ್ದು 2005ರಲ್ಲಿ. ಈ ವರ್ಷ ರಾಮನಗರ ಜಿಲ್ಲೆಯ ಹೆಸರೇ ಬೆಂಗಳೂರು ದಕ್ಷಿಣ ಆಗಿ, ಅದೂ ನಮ್ಮ ಸೌತ್ ಬೆಂಗಳೂರೇ ಆಗಿಬಿಟ್ಟಿದೆ. ವರ್ಷ ನೋಡಬೇಡ, ಯಾವುದನ್ನು ಯಾವಾಗ ಬದಲಾಯಿಸಿದರು ಅಂತ ಕೇಳು ಅಂದೆ. ಕಣ್ಣು ಮೇಲೆ ಮಾಡಿದಳು. ಸರಿ, ಅವಳಿಗೆ ಇದು ರಜದ ವಿಷಯ.

ಅಮೆರಿಕದ ಕಿಂಗ್ಡಾ ಕಾ ಕೂಡ 2005ರದೇ. 139 ಮೀಟರ್, ಜಗತ್ತಿಗೇ ಎತ್ತರದ ಕೋಸ್ಟರ್ ಆಗಿತ್ತು. ಹೈಡ್ರಾಲಿಕ್ ಬಲದಿಂದ ಚಿಮ್ಮಿಸುವ ಯಂತ್ರ ಪದೇ ಪದೇ ಕೈಕೊಡುತ್ತಿತ್ತು. ಈ ಫೆಬ್ರವರಿ 28ರಂದು ಸ್ಫೋಟಕ ಇಟ್ಟು ಕೆಡವಿದರು. ನ್ಯೂಯಾರ್ಕಿನ ಕೋನಿ ಐಲ್ಯಾಂಡ್‌ನಲ್ಲಿರುವ ಮರದ ಸೈಕ್ಲೋನ್ 1927ರದು, ಇನ್ನೂ ಓಡುತ್ತಿದೆ. ಕಳೆದ ವರ್ಷ ಅದರ ಚೈನಿನ ಸ್ಪ್ರಾಕೆಟ್‌ನಲ್ಲಿ ಬಿರುಕು ಕಂಡಿತು. ನಿಲ್ಲಿಸಿದರು, ಹೊಸದು ಹಾಕಿದರು, ಕೆಲವೇ ವಾರದಲ್ಲಿ ಮತ್ತೆ ಬಿಟ್ಟರು. ಮರವಾದರೆ ಹಲಗೆ ಹಲಗೆಯಾಗಿ ಬದಲಾಯಿಸಬಹುದು, ಬಡಗಿ ಎಲ್ಲ ಊರಲ್ಲೂ ಸಿಗುತ್ತಾನೆ. ಕಂಪನಿ ಸತ್ತ ಉಕ್ಕಿನ ಕೋಸ್ಟರಿಗೆ ಆ ಭಾಗ್ಯವಿಲ್ಲ. ಆ್ಯರೋ ಕಂಪನಿ 2001ರಲ್ಲಿ ದಿವಾಳಿಯಾಯಿತು. ಅದು 1987ರಲ್ಲಿ ಒಹಾಯೋದ ಕಿಂಗ್ಸ್ ಐಲ್ಯಾಂಡ್‌ಗೆ ಕಟ್ಟಿಕೊಟ್ಟ ವೋರ್ಟೆಕ್ಸನ್ನು 2019ರಲ್ಲಿ ನಿಲ್ಲಿಸಿದರು. ಆರು ಸಲ ತಲೆಕೆಳಗಾಗುತ್ತಿತ್ತು ಅದು.

ಊಟಕ್ಕೆ ಹುಳಿ ಸ್ವಲ್ಪ ಉಪ್ಪಾಗಿತ್ತು. ಯಾರೂ ಹೇಳಲಿಲ್ಲ.

ನವೆಂಬರ್ 12, ಬುಧವಾರ

ಹಳದಿ ಮೆಟ್ರೊದಲ್ಲಿ ಬೊಮ್ಮಸಂದ್ರಕ್ಕೆ. ಸಿಲ್ಕ್ ಬೋರ್ಡ್ ಜಂಜಾಟವನ್ನು ಮೇಲಿಂದ ನೋಡುತ್ತ ಹೋಗುವುದೇ ಒಂದು ಸುಖ. ಲೈನು ಶುರುವಾದ ಆಗಸ್ಟಿನಿಂದ ಆ ಸುಖ ಇನ್ನೂ ಹಳೆಯದಾಗಿಲ್ಲ. ಆಕ್ಸಲ್‌ಗಳು ನಿನ್ನೆಯೇ ಟೆಂಪೋದಲ್ಲಿ ಹೋಗಿವೆ.

ಬಣ್ಣ ತೆಗೆಸಿ, ತೊಳೆಸಿ, ಕತ್ತಲ ಕೋಣೆಯಲ್ಲಿ ಅಯಸ್ಕಾಂತ ಹಿಡಿದೆವು. ಸೀಮೆಎಣ್ಣೆ ವಾಸನೆಯ ದ್ರಾವಣ ಮೇಲಿಂದ ಹರಿಯಬಿಟ್ಟರೆ ಅದರಲ್ಲಿರುವ ಕಬ್ಬಿಣದ ಹುಡಿ ಬಿರುಕಿನ ಬಾಯಲ್ಲಿ ಹೋಗಿ ಕೂರುತ್ತದೆ, ಯುವಿ ದೀಪಕ್ಕೆ ಹೊಳೆಯುತ್ತದೆ. ಮೊದಲೆರಡರಲ್ಲಿ ಏನಿಲ್ಲ. ಮೂರನೆಯದರಲ್ಲಿ, ದಪ್ಪ ಭಾಗ ಸಣ್ಣದಾಗುವ ಮೂಲೆಯಲ್ಲಿ, ಗಿಣಿಹಸಿರು ಎಳೆ. ಸಣ್ಣದು, ಹೆಬ್ಬೆರಳ ಉಗುರಿನಗಲವೂ ಇಲ್ಲ. ಒರೆಸಿ ಮತ್ತೆ ಮಾಡಿದೆ. ಅಲ್ಲೇ ಬಂತು. ನವಿರಾಗಿ ಉಜ್ಜಿ ಮತ್ತೆ ಮಾಡಿದೆ. ಬಂತು. ನಾಲ್ಕನೆಯದರಲ್ಲೂ ಅಂಥದೇ ಒಂದು ಕಂಡಿತ್ತು, ಆದರೆ ಉಜ್ಜಿದ ಮೇಲೆ ಹೋಯಿತು. ಅದು ಲೇತಿನ ಗೀರು.

ಮೂಲೆ ನೋಡಿದೆ. ದುಂಡಗಿರಬೇಕಾದ್ದು ಚೂಪಾಗಿದೆ. ಇದು ಮೂಲ ಆಕ್ಸಲ್ ಅಲ್ಲ. ಯಾವಾಗಲೋ ಇಲ್ಲೇ ಯಾರೋ ಅಳತೆ ತೆಗೆದು ಮಾಡಿಸಿದ್ದು. ಉದ್ದ ಸರಿ, ವ್ಯಾಸ ಸರಿ, ಮೂಲೆಯ ದುಂಡು ಮಾತ್ರ ಯಾರಿಗೂ ಮುಖ್ಯ ಅನ್ನಿಸಿಲ್ಲ. ಮುರಿಯುವುದು ಅಲ್ಲೇ.

ಇಂಥವು ಇನ್ನೆಷ್ಟಿವೆ ಗಾಡಿಯಲ್ಲಿ?

ನವೆಂಬರ್ 14

ಕಣ್ಣಿನ ಪರೀಕ್ಷೆ, ಜಯನಗರ. ನಮ್ಮ ಕೆಲಸಕ್ಕೆ ವರ್ಷಕ್ಕೊಮ್ಮೆ ಹತ್ತಿರದ ದೃಷ್ಟಿಯ ಚೀಟಿ ಬೇಕು, ಸಣ್ಣ ಅಕ್ಷರದ ಸಾಲು ಓದಬೇಕು. ಓದಿದೆ. ಎಡಗಣ್ಣಿಗೆ ಪೊರೆ ಶುರುವಾಗಿದೆ, ಇನ್ನೊಂದೆರಡು ವರ್ಷ ತೊಂದರೆಯಿಲ್ಲ ಅಂದರು ಡಾಕ್ಟರಮ್ಮ. ಆ ಹಸಿರು ಎಳೆ ಹುಡುಗನಿಗೂ ಕಂಡಿತ್ತು. ಅದನ್ನು ಎರಡು ಸಲ ನೆನಪಿಸಿಕೊಂಡೆ.

ಫೋರ್ತ್ ಬ್ಲಾಕಿನಲ್ಲಿ ಕಾಫಿ. ಅಮ್ಮನಿಗೆ ಮೊಳಕಾಲಿನ ಪಟ್ಟಿ ಕೊಂಡೆ, ಸೈಜು ತಪ್ಪಿತು.

ನವೆಂಬರ್ 17, ಸೋಮವಾರ

ಕಡಲೆಕಾಯಿ ಪರಿಷೆ. ಹೋಗಬಾರದು ಅಂದುಕೊಂಡು ಹೋದೆ. ಬುಲ್ ಟೆಂಪಲ್ ರಸ್ತೆಯಲ್ಲಿ ಕಾಲಿಡಲು ಜಾಗವಿಲ್ಲ. ಕಡಲೆಕಾಯಿ ಕೊಂಡಿದ್ದು ಆಮೇಲೆ, ಮೊದಲು ಕಣ್ಣು ಹೋಗಿದ್ದು ಮಕ್ಕಳ ರಾಟೆಗೆ. ರಾಟೆಯವನು ಪಿನ್ನಿನ ಬದಲು ಮೊಳೆ ಬಗ್ಗಿಸಿ ಹಾಕಿದ್ದಾನೆ. ಜಾತ್ರೆಯಿಂದ ಜಾತ್ರೆಗೆ ಹೋಗುವ ರಾಟೆ ತಿರುಗಿ ಸವೆಯುವುದಕ್ಕಿಂತ ಬಿಚ್ಚಿ ಜೋಡಿಸಿ ಸವೆಯುವುದೇ ಹೆಚ್ಚು. ತೂತು ಅಗಲವಾಗುತ್ತದೆ, ಪಿನ್ನು ಕಳೆಯುತ್ತದೆ. "ಸರಿಯಾದ ಪಿನ್ ಹಾಕಪ್ಪ" ಅಂದೆ. "ಹಾಕ್ತೀನಿ ಬಿಡಕ್ಕ" ಅಂದ. ಮಗು ಒಂದು ಮೇಲಿನ ತೊಟ್ಟಿಲಲ್ಲಿ ಕೇಕೆ ಹಾಕುತ್ತಿತ್ತು. ಅದರ ಖುಷಿ ನೋಡಿ ನನಗೂ ನಗು ಬಂತು. ಅದೇ ನನಗೆ ಅರ್ಥವಾಗದ್ದು.

ನವೆಂಬರ್ 19, ಬುಧವಾರ

ಮತ್ತೆ ಪಾರ್ಕು. ಹೋದ ವರ್ಷ ಈ ಕೋಸ್ಟರ್ ವಾರಕ್ಕೆರಡು ಸಲ ತಾನಾಗಿ ನಿಲ್ಲುತ್ತಿತ್ತಂತೆ, ಈ ವರ್ಷ ಒಮ್ಮೆಯೂ ಇಲ್ಲವಂತೆ. ಮ್ಯಾನೇಜರ್ ಹೆಮ್ಮೆಯಿಂದ ಹೇಳಿದರು. ನನಗೆ ಆ ಹೆಮ್ಮೆಯೇ ಕುತ್ತಿಗೆಗೆ ಸುತ್ತಿಕೊಂಡಿತು.

ನಿಲ್ಲುವ ರೈಡಿಗೆ ನಾನು ಹೆದರುವುದಿಲ್ಲ. ಮೇಲೆ ಗಾಡಿ ನಿಂತರೆ ಜನ ವಿಡಿಯೊ ಮಾಡಿ ಕಿರುಚುತ್ತಾರೆ. ಆದರೆ ಎರಡು ಸೆನ್ಸರ್ ಒಂದೇ ಮಾತು ಹೇಳದಿದ್ದರೆ ಬ್ರೇಕು ಹಿಡಿಯಲಿ ಅಂತಲೇ ಅದನ್ನು ಕಟ್ಟಿರುವುದು. ಅನುಮಾನ ಬಂದರೆ ನಿಲ್ಲಬೇಕು. ಏನೂ ರಿಪೇರಿ ಮಾಡದೆ, ನಿಲ್ಲುತ್ತಿದ್ದದ್ದು ನಿಲ್ಲದಂತೆ ಆಯಿತು ಅಂದರೆ?

ಪ್ಯಾನಲ್ ತೆಗೆಸಿದೆ. ಬೂದು ವೈರುಗಳ ನಡುವೆ ಬೆರಳುದ್ದದ ಒಂದು ಕೆಂಪು ವೈರು, ಎರಡು ಟರ್ಮಿನಲ್‌ಗೆ ಸೇತುವೆ. ನಂಬರ್ ಚೀಟಿ ಇಲ್ಲ. ಎಲೆಕ್ಟ್ರಿಷಿಯನ್ ಹುಡುಗ ನೆಲ ನೋಡಿದ. ಫೋರ್‌ಮನ್ ಆಕಾಶ ನೋಡಿದರು. ಅಲ್ಲೇ ಕೀಳಿಸಿದೆ. ಮಧ್ಯಾಹ್ನದೊಳಗೆ ಕೋಸ್ಟರ್ ಎರಡು ಸಲ ನಿಂತಿತು.

ಹೊರಡುವಾಗ ಫೋರ್‌ಮನ್ ಕಾರಿನ ತನಕ ಬಂದರು. "ಇದನ್ನ ನಿಲ್ಸಿಬಿಡಿ ಮೇಡಮ್ಮೋರೇ." ನೀವು ಬರೆದುಕೊಡ್ತೀರಾ ಅಂತ ಕೇಳಿದೆ. "ನಾನೇನು ಬರೀಲಿ." ಮಗಳ ಮದುವೆ ಫೆಬ್ರವರಿಗೆ.

ನವೆಂಬರ್ 20. ಬೆಳಗಿನ ಜಾವ ಮೂರು

ಎಕ್ಸ್‌ಪೋಲ್ಯಾಂಡ್ ತಲೆಯಿಂದ ಹೋಗುತ್ತಿಲ್ಲ. ಜಪಾನಿನ ಒಸಾಕಾ ಪ್ರಾಂತ್ಯ, ಮೇ 5, 2007, ಮಕ್ಕಳ ಹಬ್ಬದ ರಜ. ನಿಂತುಕೊಂಡು ಸವಾರಿ ಮಾಡುವ ಕೋಸ್ಟರ್. ಓಡುತ್ತಿದ್ದಾಗಲೇ ಆಕ್ಸಲ್ ಮುರಿಯಿತು, 19 ವರ್ಷದ ಹುಡುಗಿ ಸತ್ತಳು. 1992ರಲ್ಲಿ ಶುರುವಾದಾಗಿನಿಂದ, 15 ವರ್ಷ, ಆಕ್ಸಲ್ ಬದಲಾಯಿಸಿರಲಿಲ್ಲ. ಬಿರುಕಿನ ಪರೀಕ್ಷೆ ಆಗಬೇಕಾಗಿತ್ತು. ರಜದ ಜನಸಂದಣಿ ಮುಗಿಯಲಿ ಅಂತ ಮೇ ಮಧ್ಯಕ್ಕೆ ಮುಂದೂಡಿದ್ದರು. ಪಾರ್ಕು ಆಮೇಲೆ ಚೇತರಿಸಿಕೊಳ್ಳಲೇ ಇಲ್ಲ. 2009ರಲ್ಲಿ ಕಾಯಂ ಮುಚ್ಚಿತು.

ನನ್ನ ಎಳೆ ಅಷ್ಟು ದೊಡ್ಡದಲ್ಲ. ಅವರದೂ ಒಂದು ದಿನ ದೊಡ್ಡದಿರಲಿಲ್ಲ.

ನವೆಂಬರ್ 24, ಸೋಮವಾರ

ಮೀಟಿಂಗು. ಬಾದಾಮಿ ಹಾಲು ಕೊಟ್ಟರು. ಎಲ್ಲ ಆಕ್ಸಲ್ ಬಿಚ್ಚಿ ಪರೀಕ್ಷೆ ಮಾಡಬೇಕು, ಚೂಪು ಮೂಲೆಯವನ್ನೆಲ್ಲ ತೆಗೆಯಬೇಕು, ಹೊಸದನ್ನು ಡ್ರಾಯಿಂಗ್ ಹಾಕಿಸಿಯೇ ಪೀಣ್ಯದಲ್ಲಿ ಮಾಡಿಸಬೇಕು, ಅಲ್ಲಿಯವರೆಗೆ ಓಡಿಸಬಾರದು ಅಂದೆ.

"ಕೆಟ್ಟಿರೋದು ಒಂದು. ಎರಡು ಬದಲಾಯಿಸ್ತೀವಿ. ಉಳಿದದ್ದು ಜನವರಿಗೆ ನೋಡೋಣ ಮೇಡಂ."

ಜಪಾನಿನ ಕಥೆ ಹೇಳಿದೆ. ಅದು ಜಪಾನ್ ಅಂದರು. ಅಹಮದಾಬಾದಿನ ಕಂಕಾರಿಯಾ ಹೇಳಿದೆ: ಜುಲೈ 14, 2019, ಭಾನುವಾರ, ತೂಗಾಡುವ ರೈಡ್ ಮುರಿದುಬಿದ್ದು ಇಬ್ಬರು ಸತ್ತರು. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಮಾಲೀಕರ ಮಗ ಬಾಯಿಬಿಟ್ಟ. ಈ ಜಾಗ ಲೇಔಟಿಗೆ ಕೇಳುತ್ತಿದ್ದಾರಂತೆ, ಹೆಚ್ಚೆಂದರೆ ಇನ್ನೆರಡು ಸೀಸನ್, ಅಷ್ಟಕ್ಕೋಸ್ಕರ ಯಾಕೆ ಹೊಸ ಆಕ್ಸಲ್ ಅಂತ.

ಇದು ನನಗೆ ಹೊಳೆದೇ ಇರಲಿಲ್ಲ. ದೆಹಲಿಯ ಅಪ್ಪು ಘರ್ 1984ರಲ್ಲಿ ಶುರುವಾಗಿ 2008ರಲ್ಲಿ ಮುಚ್ಚಿದ್ದೂ ಕಬ್ಬಿಣ ಸವೆದು ಅಲ್ಲ, ಆ ನೆಲ ಸುಪ್ರೀಂ ಕೋರ್ಟಿಗೆ ಬೇಕಾಗಿ. ಕೋಸ್ಟರಿಗೆ ಯಾವಾಗ ನಿವೃತ್ತಿ ಅಂತ ನಾನು ಆಕ್ಸಲ್ ಮೂಲೆಯಲ್ಲಿ ಹುಡುಕುತ್ತಿದ್ದರೆ, ಅದು ಸೈಟಿನ ಚದರಡಿ ರೇಟಿನಲ್ಲಿ ತೀರ್ಮಾನವಾಗುತ್ತಿದೆ. ಇನ್ನೆರಡು ಸೀಸನ್ ಮಾತ್ರ ಅನ್ನುವ ಯಂತ್ರವೇ ಎಲ್ಲಕ್ಕಿಂತ ಅಪಾಯ. ಅದಕ್ಕೆ ಯಾರೂ ದುಡ್ಡು ಹಾಕುವುದಿಲ್ಲ.

ನವೆಂಬರ್ 28, ಶುಕ್ರವಾರ

ರಿಪೋರ್ಟು ಕಳಿಸಿದೆ, ಇನ್‌ವಾಯ್ಸೂ. 'ಓಡಿಸಲು ಯೋಗ್ಯವಲ್ಲ' ಅಂತಲೇ ಬರೆದೆ. ಕೆಂಪು ವೈರಿನ ಪ್ಯಾರಾ ಹಾಕಿದೆ, ತೆಗೆದೆ, ಎಲೆಕ್ಟ್ರಿಷಿಯನ್ ಹುಡುಗನ ಕೆಲಸ ಹೋಗುತ್ತದೆ ಅಂತ. ಮತ್ತೆ ಹಾಕಿದೆ.

ಡಿಸೆಂಬರ್ 2

ರಾಗಿಗುಡ್ಡದಲ್ಲಿ ಹನುಮಜ್ಜಯಂತಿ ಗದ್ದಲ. ಅಮ್ಮನಿಗೆ ಹೋಗಬೇಕು, ಮೆಟ್ಟಿಲು ಆಗುವುದಿಲ್ಲ. ನನ್ನ ಮೇಲೆ ಸಿಟ್ಟು. ಪಾರ್ಕಿನಿಂದ ಸುದ್ದಿಯಿಲ್ಲ.

ಡಿಸೆಂಬರ್ 7, ಭಾನುವಾರ

ಹುಡುಗನ ಸ್ನೇಹಿತ ಹೋಗಿದ್ದನಂತೆ. ಕೋಸ್ಟರ್ ಓಡುತ್ತಿದೆ. ಆಕ್ಸಲ್ ಎಲ್ಲ ಬದಲಾಯಿಸಿದರೇ? ಇಷ್ಟು ದಿನದಲ್ಲಿ ಆಗುವ ಕೆಲಸವಲ್ಲ. ಬೇರೆ ಯಾರಿಂದಲೋ ಬರೆಸಿಕೊಂಡರೇ? ಫೋರ್‌ಮನ್ ಫೋನು ಎತ್ತುತ್ತಿಲ್ಲ. ಯಾರಿಗೆ ಬರೆಯಲಿ? ಪೊಲೀಸಿಗೆ? ಡಿಸಿಗೆ? ಗಿರಾಕಿಯ ರಿಪೋರ್ಟನ್ನು ಹೊರಗೆ ಕೊಟ್ಟವಳು ಅಂತಾದರೆ ನಾಳೆ ಕ್ರೇನ್ ಹುಕ್ಕೂ ಬರುವುದಿಲ್ಲ. ಒಂದು ಕಾಗದ ಬರೆದಿಟ್ಟಿದ್ದೇನೆ. ಸಹಿ ಹಾಕಿಲ್ಲ. ಹರಿದೂ ಇಲ್ಲ.

ಡಿಸೆಂಬರ್ 12, ಶುಕ್ರವಾರ

ದುಡ್ಡು ಬಂದಿಲ್ಲ. ಜಿಎಸ್‌ಟಿ ಮಾತ್ರ 20ರೊಳಗೆ ನಾನೇ ಕಟ್ಟಬೇಕು. ಅವರ ಅಕೌಂಟ್ಸಿಗೆ ಫೋನು ಮಾಡಿದೆ. "ಒಂದು ಪ್ಯಾರಾ ತೆಗೆದು ರಿವೈಸ್ಡ್ ರಿಪೋರ್ಟ್ ಕಳ್ಸಿದ್ರೆ ಇವತ್ತೇ ಆಗುತ್ತೆ ಅಂತ ಸರ್ ಹೇಳಿದಾರೆ ಮೇಡಂ." ಯಾವ ಪ್ಯಾರಾ ಅಂತ ಕೇಳಲಿಲ್ಲ. ಆ ಹುಡುಗಿಯದೇನು ತಪ್ಪು, ಸೋಮವಾರ ಮತ್ತೆ ಮಾಡುತ್ತೇನೆ ಅಂದೆ.