ಬಾಯಿಲ್ಲದ ಕಾಲುಚೀಲ

“ಯಾರ ಕೊಳ್ಳಾಗಿನ ಬೆವರೋ ಏನೋ, ತಂದು ತಂದು ಮನೀ ತುಂಬ್ತೀರಿ” ಎಂದು ನನ್ನ ಹೆಂಡತಿ ಹಿಂದವಾಡಿಯ ನಮ್ಮ ಮನೆಯ ಹೊಸ್ತಿಲಲ್ಲೇ ನನ್ನನ್ನು ತಡೆಯುತ್ತಾಳೆ. ನನ್ನ ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಚೀಲದಲ್ಲಿ ಯಾವನೋ ಸಿಪಾಯಿಯ ಹಳೆಯ ಸ್ಕಾರ್ಫು. ಅದು ಮೊದಲು ಹಿತ್ತಲಿಗೆ ಹೋಗಬೇಕು, ಕುದಿಯುವ ನೀರಿನಲ್ಲಿ ಮುಳುಗಬೇಕು, ಎರಡು ದಿನ ಬಿಸಿಲು ಕಾಯಬೇಕು, ಆಮೇಲೆ ಗೃಹಪ್ರವೇಶ. ಉಣ್ಣೆಯನ್ನು ಕುದಿಸಿದರೆ ಏನಾಗುತ್ತದೆ ಎಂಬುದನ್ನು ನಾನು ಹೀಗೆಯೇ ಕಲಿತದ್ದು. ಮೊದಲನೆಯ ಮಫ್ಲರು ಕುದಿದು ಮೇಲೆ ಬಂದಾಗ ಮೊಮ್ಮಗಳ ಗೊಂಬೆಯ ಕೊರಳಿಗೆ ಸರಿಯಾಗಿತ್ತು.

ಅಂಚೆಚೀಟಿ ಕೂಡಿಸುವವನಿಗೆ ಊರಲ್ಲಿ ಮರ್ಯಾದೆ ಇದೆ. ನಾಣ್ಯ ಕೂಡಿಸುವವನ ಮೇಲೆ ಕಳ್ಳರಿಗಾದರೂ ಗೌರವ ಇರುತ್ತದೆ. ಕೊರಳವಸ್ತ್ರ ಕೂಡಿಸುವವನನ್ನು ಮಾತ್ರ ಓಣಿಯ ಜನ ಅನುಮಾನದಿಂದ ನೋಡುತ್ತಾರೆ. “ಸಾಹೇಬ್ರ, ನಮ್ಮಲ್ಲೂ ಎರಡು ಹಳೀ ವಲ್ಲಿ ಅದಾವ, ಕಳಿಸ್ಲೇನು?” ಎಂದು ಎದುರು ಮನೆಯವರು ಕೇಳಿದ್ದರಲ್ಲಿ ಕರುಣೆ ಎಷ್ಟು, ಕುಚೋದ್ಯ ಎಷ್ಟು ಎಂದು ನನಗಿನ್ನೂ ಬಗೆಹರಿದಿಲ್ಲ.

ಆದರೆ ಬೆಳಗಾವಿಯಲ್ಲಿ ಹುಟ್ಟಿ ಬೆಳೆದವನಿಗೆ ಮಿಲಿಟರಿಯ ಹುಚ್ಚು ಹಿಡಿಯದಿದ್ದರೆ ಅದೇ ದೊಡ್ಡ ಆಶ್ಚರ್ಯ. 1768ರಲ್ಲಿ ಬಾಂಬೆ ಸಿಪಾಯಿಗಳ ಎರಡನೇ ಪಲ್ಟಣವಾಗಿ ಹುಟ್ಟಿದ ಮರಾಠಾ ಲೈಟ್ ಇನ್‌ಫೆಂಟ್ರಿಯ ಕೇಂದ್ರ 1922ರಿಂದ ನಮ್ಮ ಕ್ಯಾಂಪಿನಲ್ಲಿದೆ. ಅಲ್ಲಿಂದ ನಿವೃತ್ತರಾದ ಎಷ್ಟೋ ಮಂದಿ ಇಲ್ಲೇ ಸುತ್ತಮುತ್ತ ಮನೆ ಕಟ್ಟಿದರು. ಕಟ್ಟಿದ ಮನೆಯ ಅಟ್ಟದ ಮೇಲೆ ಕಪ್ಪು ಟ್ರಂಕು ಇಟ್ಟರು. ಅಜ್ಜ ಹೋದ ಮೇಲೆ ಪದಕಗಳು ಶೋಕೇಸಿಗೆ, ಟ್ರಂಕು ಭಂಗಾರದವನಿಗೆ. ಗುಜರಿಗೆ ನಮ್ಮ ಕಡೆ ಭಂಗಾರ ಎನ್ನುತ್ತಾರೆ. ಬಂಗಾರಕ್ಕೂ ಭಂಗಾರಕ್ಕೂ ಒಂದು ಹೊಟ್ಟೆಸೀಳಿನ ಅಂತರ. ನನ್ನ ಇಳಿವಯಸ್ಸೆಲ್ಲ ಆ ಸೀಳಿನೊಳಗೆ ಕೈಹಾಕಿ ಹುಡುಕುವುದರಲ್ಲಿ ಕಳೆಯುತ್ತಿದೆ.

ಗುರುತು ಹಿಡಿಯುವುದು ಸಣ್ಣ ವಿದ್ಯೆಯಲ್ಲ. ಮೊದಲು ಮೂಲೆ ನೋಡಬೇಕು. ಬ್ರಿಟಿಷರ ಕಾಲದ ಸರಕಾರಿ ಸಾಮಾನಿನ ಮೇಲೆ ಬಾಣದ ಮುದ್ರೆ ಇರುತ್ತದೆ. ಬಾಣವೆಂದರೆ ಬಾಣ, ನನ್ನ ಕಣ್ಣಿಗೆ ಅದು ಅಂಗಳದ ಕೆಸರಿನಲ್ಲಿ ಮೂಡಿದ ಕಾಗೆಕಾಲು. ಹಿಂದುಸ್ತಾನದ ಸಾಮಾನಾದರೆ ಕಾಗೆಕಾಲಿನ ಜೊತೆ ‘ಐ’ ಎಂಬ ಇಂಗ್ಲಿಷ್ ಅಕ್ಷರವೂ ಇರುತ್ತದೆ. ಎಷ್ಟೋ ಸಲ ಭೂತಗನ್ನಡಿ ಹಿಡಿದು ಹಾರಿಬಿದ್ದಿದ್ದೇನೆ. ಒಮ್ಮೆ ಅದು ಧೋಬಿಯ ಗುರುತಾಗಿತ್ತು, ಒಮ್ಮೆ ನಿಜವಾಗಿಯೂ ಕಾಗೆಯದೇ.

ಆಮೇಲೆ ಕತ್ತಲೆ ಕೋಣೆ. ಖೋಟಾ ನೋಟು ನೋಡುವ ನೇರಳೆ ಟಾರ್ಚು ಬಿಟ್ಟರೆ ಈಚಿನ ಬಟ್ಟೆ ಬೆಳ್ಳಗೆ ಹೊಳೆಯುತ್ತದೆ, ಯುದ್ಧಕಾಲದ ಬಟ್ಟೆ ಸುಮ್ಮನಿರುತ್ತದೆ. ಬಟ್ಟೆಗೂ ಸೋಪಿನ ಪುಡಿಗೂ ಹೊಳಪಿನ ರಾಸಾಯನಿಕ ಬೆರೆಸುವ ರೂಢಿ ಹೆಚ್ಚಿದ್ದು ಯುದ್ಧ ಮುಗಿದ ಮೇಲೆ. ತೊಡಕೇನೆಂದರೆ, ನನ್ನ ಹೆಂಡತಿ ಒಮ್ಮೆ ಸೋಪಿನ ಪುಡಿ ಹಾಕಿ ತಿಕ್ಕಿದಳೆಂದರೆ 1943ರ ಸ್ಕಾರ್ಫು ಕೂಡ ಮೊನ್ನೆ ಹುಟ್ಟಿದ ಕೂಸಿನಂತೆ ನಗುತ್ತದೆ. ಕೊನೆಯದು ಅಗ್ನಿಪರೀಕ್ಷೆ. ಅಂಚಿನ ಒಂದು ಎಳೆ ಕಿತ್ತು ಸುಡಬೇಕು. ಹತ್ತಿಯಾದರೆ ಕಾಗದ ಸುಟ್ಟ ವಾಸನೆ, ಉಣ್ಣೆ ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ, ನೈಲಾನು ಕರಗಿ ಮಣಿಯಾಗುತ್ತದೆ. ಒಂದು ಅಮಾವಾಸ್ಯೆಯ ರಾತ್ರಿ ನಾನು ಕೋಣೆ ಕತ್ತಲೆ ಮಾಡಿಕೊಂಡು ಕೂದಲು ಸುಟ್ಟ ವಾಸನೆ ಎಬ್ಬಿಸಿದ ಮೇಲೆ, ಬಾಜೂ ಮನೆಯವರು ಕಂಪೌಂಡಿಗೆ ನಿಂಬೆಹಣ್ಣು ಕಟ್ಟಿದರು.

ಕೊರಳಿಗೆ ಕಟ್ಟುವ ಬಟ್ಟೆ ಬರೀ ಥಳಕಿಗೆ ಹುಟ್ಟಿದ್ದಲ್ಲ. ಮೊದಲ ಮಹಾಯುದ್ಧದ ವಿಮಾನ ಚಾಲಕರ ಬಿಳಿ ರೇಷ್ಮೆ ಸ್ಕಾರ್ಫು ಸಿನಿಮಾದಲ್ಲಿ ಹೀರೋನ ಹಿಂದೆ ಹಾರುತ್ತದಲ್ಲ, ನಿಜದಲ್ಲಿ ಅದು ಕುತ್ತಿಗೆಯ ಚರ್ಮ ಉಳಿಸಿಕೊಳ್ಳುವ ಉಪಾಯ. ವೈರಿ ಎಲ್ಲಿಂದ ಬರುತ್ತಾನೋ ಎಂದು ಗಳಿಗೆಗೊಮ್ಮೆ ತಲೆ ತಿರುಗಿಸಿ ತಿರುಗಿಸಿ ಕಾಲರಿಗೆ ತಿಕ್ಕಿ ಕೊರಳು ಸುಲಿದುಹೋಗುತ್ತಿತ್ತು. ಎರಡನೆಯ ಯುದ್ಧದಲ್ಲಿ ವೈರಿಯ ನೆಲದಲ್ಲಿ ಬಿದ್ದವರು ತಪ್ಪಿಸಿಕೊಂಡು ಬರಲೆಂದು ರೇಷ್ಮೆಯ ಮೇಲೆ ನಕಾಶೆಯನ್ನೇ ಮುದ್ರಿಸಿ ಕೊಟ್ಟರು. ಮಡಿಚಿದರೆ ಸದ್ದಿಲ್ಲ, ನೆನೆದರೆ ಹರಿಯುವುದಿಲ್ಲ. ಅಂಥದೊಂದು ನನ್ನ ಕೈಗೆ ಸಿಕ್ಕಿಲ್ಲ. ಸಿಕ್ಕರೂ ನಾನು ದಾರಿ ತಪ್ಪುವುದು ಗಣಪತ್ ಗಲ್ಲಿಯ ಸಂತೆಯಲ್ಲಿ. ಅಲ್ಲಿಗೆ ಜರ್ಮನಿಯ ನಕಾಶೆ ಏನೂ ಉಪಯೋಗವಿಲ್ಲ.

ಒಮ್ಮೆ ಮಾತ್ರ ನಾನು ಗೆದ್ದೆ ಅಂದುಕೊಂಡಿದ್ದೆ. ಭಂಗಾರದವನ ಗೋಣಿಚೀಲದಿಂದ ಮರೂನ್ ಬಣ್ಣದ ರೇಷ್ಮೆಯಂಥ ಸ್ಕಾರ್ಫು ಹೊರಬಿತ್ತು. ಮರೂನ್ ಎಂದರೆ ಪ್ಯಾರಾಚೂಟಿನವರ ಟೊಪ್ಪಿಗೆಯ ಬಣ್ಣ. 1961ರ ಡಿಸೆಂಬರಿನಲ್ಲಿ ಗೋವಾ ಬಿಡಿಸಲು ಸೈನ್ಯ ಜಮಾಯಿಸಿದ್ದೇ ಬೆಳಗಾವಿಯ ಸುತ್ತ. ಮೇಜರ್ ಜನರಲ್ ಕ್ಯಾಂಡೆತ್ ಅವರ 17ನೇ ಡಿವಿಜನ್ನು, ಬ್ರಿಗೇಡಿಯರ್ ಸಗತ್ ಸಿಂಗ್ ಅವರ 50ನೇ ಪ್ಯಾರಾ ಬ್ರಿಗೇಡು. ಡಿಸೆಂಬರ್ 19ಕ್ಕೆ ಪಣಜಿ ಮುಟ್ಟಿದವರಲ್ಲಿ ಪ್ಯಾರಾದವರೇ ಮೊದಲಿಗರು. ಆ ಹುಡುಗರಲ್ಲೊಬ್ಬ ಹೋಗುವ ಅವಸರದಲ್ಲಿ ನಮ್ಮೂರಿನಲ್ಲಿ ಸ್ಕಾರ್ಫು ಬಿಟ್ಟುಹೋದ ಎಂದು ನಾನು ಇಡೀ ರಾತ್ರಿ ಕೂತು ನಾಲ್ಕು ಪುಟ ಬರೆದೆ. ಅವನು ಅದನ್ನು ಬಿಟ್ಟದ್ದು ಯಾರ ಮನೆಯಲ್ಲಿ ಎಂಬ ಬಗ್ಗೆಯೂ ಅರ್ಧ ಪುಟ ಇತ್ತು. ಅದನ್ನು ಹೆಂಡತಿಗೆ ಓದಿ ಹೇಳಲಿಲ್ಲ.

ವಾರದ ನಂತರ ಒಂದು ಮದುವೆಗೆ ಹೋಗಿದ್ದೆ. ಮೆರವಣಿಗೆಯ ಮುಂದೆ ಬ್ಯಾಂಡಿನವರು ನಿಂತಿದ್ದರು. ಹನ್ನೆರಡು ಜನರ ಕೊರಳಲ್ಲೂ ನನ್ನ ಗೋವಾ ವಿಮೋಚನೆ. ಹಿರಿಯ ಕ್ಲಾರ್ನೆಟ್ಟಿನವರು ನನ್ನ ಸ್ಕಾರ್ಫನ್ನು ಬೆರಳಲ್ಲಿ ತಿಕ್ಕಿ ನೋಡಿ, “ಹೌದ್ರೀ, ನಮ್ಮದ ಇದು. ಹತ್ತು ವರ್ಷದ ಹಿಂದ ಒಂದು ಗಂಟು ಕಳದಿತ್ತು. ಎಲ್ಲಿ ಸಿಕ್ತರೀ ನಿಮಗ?” ಎಂದು ನನ್ನನ್ನೇ ದಿಟ್ಟಿಸಿದರು. ನಾನು ಊಟ ಮಾಡದೇ ಬಂದೆ.

ಇಷ್ಟೆಲ್ಲ ಹುಡುಕಾಟ ಯಾಕೆ ಅಂದರೆ, ನಿಜವಾದದ್ದೊಂದು ನನ್ನ ಕೈಯಲ್ಲೇ ಇತ್ತು. ನಾನೇ ಹಾಳು ಮಾಡಿದೆ.

1971. ನಮ್ಮ ಬಾಜೂ ಮನೆಯಲ್ಲಿ ಸುಭೇದಾರ ಕಾಕಾ. ಇಟಲಿಯಲ್ಲಿ ಯುದ್ಧ ಮಾಡಿ ಬಂದವರು. ಮರಣಾನಂತರ ವಿಕ್ಟೋರಿಯಾ ಕ್ರಾಸ್ ಪಡೆದ ಯಶವಂತ ಘಾಡಗೆ ಎಂಬ 22 ವರ್ಷದ ನಾಯಕ್ ಸತ್ತ 1944ರ ಜುಲೈಯಲ್ಲಿ ಕಾಕಾ ಕೂಡ ಆ ದೇಶದ ಗುಡ್ಡಗಳಲ್ಲೇ ಇದ್ದರು. ಯುದ್ಧದ ಮಾತು ತೆಗೆದರೆ “ಭಾಳ ಥಂಡಿ ಇತ್ತು ಬಾಳಾ” ಎಂದಷ್ಟೇ ಹೇಳಿ ಏಳುತ್ತಿದ್ದರು. ಆ ವರ್ಷ ಗಾವಸ್ಕರ್ ವೆಸ್ಟ್ ಇಂಡೀಸಿಗೆ ಹೋಗಿ ನಾಲ್ಕೇ ಟೆಸ್ಟಿನಲ್ಲಿ 774 ರನ್ನು ಹೊಡೆದು ಬಂದಿದ್ದ. ನಮ್ಮ ಓಣಿ ಎರಡು ಭಾಗವಾಗಿತ್ತು. ಮನೆಯಲ್ಲಿ ಮರಾಠಿ ಆಡುವವರು ಗಾವಸ್ಕರ್ ಕಡೆ, ಕನ್ನಡದವರು ವಿಶ್ವನಾಥ್ ಕಡೆ. ಮುಂದೆ ವಿಶ್ವನಾಥ್ ಗಾವಸ್ಕರನ ತಂಗಿಯನ್ನೇ ಮದುವೆಯಾಗಿ ಈ ಗಡಿ ತಂಟೆಯನ್ನು ಯಾವ ಆಯೋಗಕ್ಕಿಂತಲೂ ಚೆನ್ನಾಗಿ ಬಗೆಹರಿಸಿದ, ಆ ಮಾತು ಬೇರೆ.

ಬ್ಯಾಟಿಂಗ್ ಕಲಿಯಲು ಚೆಂಡನ್ನು ಕಾಲುಚೀಲದಲ್ಲಿ ಹಾಕಿ ಮಾವಿನ ಗಿಡಕ್ಕೆ ಜೋತು ಬಿಡಬೇಕೆಂದು ಯಾರೋ ಹೇಳಿದರು. ಕಾಕಾನ ಹಿತ್ತಲ ಗೋಡೆಯ ಮೇಲೆ ಖಾಕಿ ಉಣ್ಣೆಯ ಉದ್ದನೆಯ ಕಾಲುಚೀಲವೊಂದು ಒಣಗಿತ್ತು. ಒಂದೇ ಇತ್ತು, ಜೋಡಿ ಇರಲಿಲ್ಲ; ಅದೂ ಎರಡೂ ಕಡೆ ಬಾಯಿ ಮುಚ್ಚಿದ್ದು. ಎಂಥ ದಡ್ಡ ಹೆಣೆದನಪ್ಪ ಎಂದುಕೊಂಡು ಅವ್ವನ ಕತ್ತರಿಯಿಂದ ನಾನೇ ಒಂದು ಬಾಯಿ ಮಾಡಿದೆ. ಚೆಂಡು ತುಂಬಿದೆ. ಮೇ ತಿಂಗಳಿಡೀ ಬಡಿದೆ.

ನಲವತ್ತು ವರ್ಷಗಳಾದ ಮೇಲೆ ಒಂದು ಪುಸ್ತಕದ ಚಿತ್ರದಲ್ಲಿ ಬ್ರಿಟಿಷ್ ಕಮಾಂಡೋ ಒಬ್ಬ ಅದೇ ಕಾಲುಚೀಲವನ್ನು ತಲೆಯ ಮೇಲೆ ಹಾಕಿಕೊಂಡು ನಿಂತಿದ್ದ. ಕ್ಯಾಪ್ ಕಂಫರ್ಟರ್. ಎರಡೂ ತುದಿ ಮುಚ್ಚಿದ ಉಣ್ಣೆಯ ಕೊಳವೆ. ಬಿಚ್ಚಿದರೆ ಕೊರಳಿಗೆ ಮಫ್ಲರು, ಒಂದು ತುದಿಯನ್ನು ಇನ್ನೊಂದರೊಳಗೆ ತೂರಿಸಿ ಮಡಿಚಿದರೆ ತಲೆಗೆ ಟೊಪ್ಪಿಗೆ. ದಡ್ಡ ಹೆಣೆದದ್ದಲ್ಲ. ಥಂಡಿ ಗೊತ್ತಿದ್ದವನು ಹೆಣೆದದ್ದು.

ಕಾಕಾ ಹೋಗಿ ಆಗಲೇ ಬಹಳ ವರ್ಷವಾಗಿತ್ತು. ಅವರ ಮಗಳು, ನಮಗೆಲ್ಲ ಅಕ್ಕ, ಖಾನಾಪುರದಲ್ಲಿದ್ದಾಳೆ. 25 ಕಿ.ಮೀ. ಚಿಲ್ಲರೆ ದಾರಿ, ಅದನ್ನು ಕ್ರಮಿಸಲು ನನಗೆ ಮತ್ತೆ ಎರಡು ವರ್ಷ ಹಿಡಿಯಿತು. ಟ್ರಂಕಿನಲ್ಲಿ ಏನಾದರೂ ಉಳಿದಿದೆಯೇ ಎಂದು ಕೇಳುವ ನೆಪ. ಟ್ರಂಕಿನಲ್ಲಿ ಅಕ್ಕ ಹುಣಸೆಹಣ್ಣು ತುಂಬಿಟ್ಟಿದ್ದಳು. ನಾನು ಚಹಾದ ಕಪ್ಪು ಕೆಳಗಿಟ್ಟು ಕಾಲುಚೀಲದ ಸಂಗತಿ ಹೇಳಿದೆ.

“ಅಪ್ಪಾಗ ಗೊತ್ತಿತ್ತಲ್ಲೋ” ಎಂದಳು.

“ಗೊತ್ತಿತ್ತು?”

“ಮೊದಲನೇ ದಿನಾನ ಗೊತ್ತಾತು. ಆಯಿ ಬೈಲಿಕ್ಕೆ ಹೊಂಟಿದ್ಲು, ಅಪ್ಪಾನ ಬ್ಯಾಡ ಅಂದ. ದಿನಾ ಸಂಜೀಕ ಕಿಡಕಿ ಹತ್ರ ಕುಂತು ನೀ ಹೊಡದದ್ದು ಎಣಸ್ತಿದ್ದ. ಚೆಂಡಿಗೆ ಬ್ಯಾಟ್ ಬಿದ್ರ ಒಂದು ರನ್ನು. ಪಂಚಾಂಗದ ಹಿಂದ ಬರದಿಡ್ತಿದ್ದ. ನೀ ವಿಶ್ವನಾಥನ ಪಾರ್ಟಿ ಅಲ್ಲಾ, ಗಾವಸ್ಕರನ ಏಳುನೂರಾ ಎಪ್ಪತ್ನಾಲ್ಕು ದಾಟಿಬಿಡ್ತೀ ಅಂತ ಭಾಳ ಕಾಳಜಿ ಆಗಿತ್ತು ಅವನಿಗೆ.”

“ಆಮ್ಯಾಲ?”

“ಏಳುನೂರಾ ಅರವತ್ತಕ್ಕ ಅದು ಹರದು ಚೆಂಡು ಗಟಾರಕ್ಕ ಬಿತ್ತು. ಅವತ್ತ ಅಪ್ಪಾ ಎರಡು ಕಪ್ಪು ಚಾ ಕುಡದ.”

ನಾನು ಹೊರಡುವಾಗ ಅಕ್ಕ ಒಂದು ಪೊಟ್ಟಣ ಹುಣಸೆಹಣ್ಣು ಕಟ್ಟಿಕೊಟ್ಟಳು. ಹಿಂದವಾಡಿಯ ಹೊಸ್ತಿಲಲ್ಲಿ ಹೆಂಡತಿ ಚೀಲ ಇಸಿದುಕೊಂಡು ಮೂಸಿ ನೋಡಿದಳು. ತಡೆಯಲಿಲ್ಲ, ನೇರ ಒಳಗೆ ಒಯ್ದಳು.